ಮಕ್ಕಳ ತಲೆ ಎಣಿಸಿ ದುಡ್ಡು ಕೊಟ್ಟರೆ ಮಲೆನಾಡಿನ ಶಾಲೆ ಉಳಿಯುವುದಿಲ್ಲ

ಸಕಲೇಶಪುರದ ಹೆತ್ತೂರು, ಯಸಳೂರು ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆ ಎಂದುಕೊಳ್ಳಿ. ಒಂದರಿಂದ ಐದನೇ ತರಗತಿ, 28 ಮಕ್ಕಳು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಈ ಶಾಲೆಗೆ ವರ್ಷಕ್ಕೆ ಸಿಗುವ ಶಾಲಾ ಅನುದಾನ 10,000 ರೂಪಾಯಿ. ತಿಂಗಳಿಗೆ ಸುಮಾರು 833. ಸೀಮೆಸುಣ್ಣ, ರಿಜಿಸ್ಟರ್, ಬೀಗ, ಪೊರಕೆ, ಫಿನಾಯಿಲ್, ಒಡೆದ ನಲ್ಲಿ, ಸಣ್ಣಪುಟ್ಟ ರಿಪೇರಿ ಎಲ್ಲ ಇದರಲ್ಲೇ ಆಗಬೇಕು. ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಇಡಬೇಕು ಅನ್ನುವ ನಿಯಮವೂ ಇದೆ. ಇಲ್ಲಿ ಆ ಲೆಕ್ಕ ಒಂದು ಸಾವಿರ. ಮಕ್ಕಳ ಕೈಯಲ್ಲಿ ಶೌಚಾಲಯ ತೊಳೆಸಬಾರದು ಎಂದು ಇಲಾಖೆ ಹೇಳುತ್ತದೆ. ಸರಿಯಾಗಿಯೇ ಹೇಳುತ್ತದೆ. ಹಾಗಾದರೆ ವರ್ಷಪೂರ್ತಿ ಒಂದು ಸಾವಿರಕ್ಕೆ ತೊಳೆಯುವವರು ಯಾರು? ಇಂಥ ಶಾಲೆಯಲ್ಲಿ ಅದಕ್ಕೆಂದು ಹುದ್ದೆಯೂ ಇರುವುದಿಲ್ಲ. ಎಷ್ಟೋ ಕಡೆ ಮುಖ್ಯ ಶಿಕ್ಷಕರೇ ಜೇಬಿನಿಂದ ಕೊಡುತ್ತಾರೆ. ಕೆಲವು ಕಡೆ ಶೌಚಾಲಯಕ್ಕೆ ಬೀಗ ಬೀಳುತ್ತದೆ.

ಈ ಅನುದಾನ ನಿಂತಿರುವುದು ತಲೆ ಲೆಕ್ಕದ ಮೇಲೆ. 30 ಮಕ್ಕಳವರೆಗೆ 10,000. ನೂರರವರೆಗೆ 25,000. 250ರವರೆಗೆ 50,000. ಕಾಗದದ ಮೇಲೆ ನ್ಯಾಯವಾಗಿಯೇ ಕಾಣುತ್ತದೆ. ಚನ್ನರಾಯಪಟ್ಟಣದ ಬಯಲಿನ ದೊಡ್ಡ ಊರಿನ ಶಾಲೆಗೆ ಹೇಗೋ ನಡೆದೀತು. ಆದರೆ ಘಟ್ಟದ ಅಂಚಿನ ಮಳೆ ಮಕ್ಕಳನ್ನು ಎಣಿಸಿ ಸುರಿಯುವುದಿಲ್ಲ. 28 ಮಕ್ಕಳ ಸೂರಿಗೂ 128 ಮಕ್ಕಳ ಸೂರಿಗೂ ಬೀಳುವುದು ಅದೇ ಮಳೆ. ಗೆದ್ದಲು ಹಿಡಿಯುವುದು ಹೆಂಚು ಹೊರುವ ಅದೇ ಮರದ ಪಕಾಸಿಗೆ.

ಸುತ್ತಲಿನ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ, ಆಮೇಲೆ ಬ್ಲಾಕ್ ಹಂತದಲ್ಲಿ ಹಾಸನ ಜಿಲ್ಲೆಯ ಶಾಲೆಗಳ ಲೆಕ್ಕಪತ್ರ ನೋಡಿದವನು ನಾನು. ಸರ್ಕಾರಿ ಶಾಲೆಗೆ ಹೆಚ್ಚು ದುಡ್ಡು ಬೇಕು ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ‘ಮಕ್ಕಳೇ ಇಲ್ಲದ ಶಾಲೆಗೆ ಯಾಕ್ರೀ ದುಡ್ಡು?’ ಅನ್ನುವ ಪ್ರಶ್ನೆ ಬಂದಾಗ ಮಾತ್ರ ಸಭೆ ತಣ್ಣಗಾಗುತ್ತದೆ. ನನ್ನ ಉತ್ತರ ಇಷ್ಟೇ. ದುಡ್ಡು ಮೊದಲು ಬರಬೇಕು, ಮಕ್ಕಳು ಆಮೇಲೆ ಬರುತ್ತಾರೆ.

ನಮ್ಮಲ್ಲಿ ಇದು ಹೊಸ ಮಾತೂ ಅಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದಾಗ, 1860ರ ದಶಕದಲ್ಲಿ, ಹೋಬಳಿಗೊಂದು ಶಾಲೆ ಎಂಬ ಯೋಜನೆ ರೂಪಿಸಿದರು. 1913ರಲ್ಲಿ ಸಂಸ್ಥಾನ ಪ್ರಾಥಮಿಕ ಶಿಕ್ಷಣಕ್ಕೆ ಕಾಯ್ದೆಯನ್ನೇ ತಂದಿತು. ಆಗ ಶಾಲೆಗೆ ಹೋಗುತ್ತಿದ್ದ ಮಕ್ಕಳನ್ನು ಎಣಿಸಿ ದುಡ್ಡು ಇಡುವುದಾಗಿದ್ದರೆ ಒಂದು ಶಾಲೆಯೂ ಏಳುತ್ತಿರಲಿಲ್ಲ, ಅಲ್ವಾ?

ಈಗ ಶಿಕ್ಷಕರ ವಿಷಯ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ತರಗತಿ ಐದು, ಮೇಷ್ಟ್ರು ಇಬ್ಬರು. ಒಂದರಿಂದ ಮೂರನೆಯ ತರಗತಿ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯಲ್ಲಿ ಒಟ್ಟಿಗೆ ಕೂರುತ್ತವೆ, ಒಬ್ಬರು ನೋಡಿಕೊಳ್ಳುತ್ತಾರೆ. ನಾಲ್ಕು ಮತ್ತು ಐದು ಇನ್ನೊಬ್ಬರ ಪಾಲು. ಆ ಇನ್ನೊಬ್ಬರೇ ಮುಖ್ಯ ಶಿಕ್ಷಕರು. ಬಿಸಿಯೂಟದ ಅಕ್ಕಿ-ಬೇಳೆ ಲೆಕ್ಕ, ಹಾಲಿನ ಪುಡಿ, ಮೊಟ್ಟೆ, ಮಕ್ಕಳ ವಿವರ ತುಂಬುವ ಆನ್‌ಲೈನ್ ಸ್ಯಾಟ್ಸ್ ಎಂಟ್ರಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆ ಎಲ್ಲ ಅವರ ತಲೆ ಮೇಲೆ. ನೆಟ್‌ವರ್ಕ್ ಸಿಗಲಿ ಅಂತ ಮೊಬೈಲ್ ಹಿಡಿದು ಗುಡ್ಡ ಹತ್ತುವುದೂ ಅವರೇ. ಮೊದಲನೆಯವರಿಗೆ ಬೂತ್ ಮಟ್ಟದ ಅಧಿಕಾರಿಯ ಕೆಲಸ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿ, ಸರ್ಕಾರಿ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಖಾಸಗಿ ಶಾಲೆ ಮಾತ್ರ ಅದಕ್ಕೂ ಮೊದಲೇ ಬಾಗಿಲು ತೆರೆದಿತ್ತು. ಅದನ್ನು ತಂದೆ-ತಾಯಿ ನೋಡುವುದಿಲ್ಲವೇ?

ಪೋಷಕರಿಗೆ ಇಂಗ್ಲಿಷ್ ಹುಚ್ಚು ಎಂದು ನಾವು ಸುಮ್ನೆ ಬೈಯುತ್ತೇವೆ. ಅವರು ಹೇಳುವುದನ್ನು ಕೂತು ಕೇಳಿದರೆ ಬೇರೆಯೇ ತಿಳಿಯುತ್ತದೆ. ‘ಅಲ್ಲಿ ಕ್ಲಾಸಿಗೊಬ್ಬರು ಮಿಸ್ ಇದ್ದಾರೆ ಸಾರ್’ ಅನ್ನುತ್ತಾರೆ. ಆ ಮಿಸ್‌ಗೆ ಸಂಬಳ ಕಡಿಮೆ, ತರಬೇತಿಯೂ ಅಷ್ಟಕ್ಕಷ್ಟೆ. ಆದರೆ ತರಗತಿ ಬಿಟ್ಟು ಸಮೀಕ್ಷೆಗೆ ಹೋಗುವುದಿಲ್ಲ. ಇನ್ನೊಂದು, ಖಾಸಗಿ ಶಾಲೆಯ ವ್ಯಾನು ಎಲ್‌ಕೆಜಿಯಿಂದಲೇ ಮಗುವನ್ನು ಮನೆ ಬಾಗಿಲಿಂದ ಕರೆದೊಯ್ಯುತ್ತದೆ. ನಮ್ಮ ಬಹುಪಾಲು ಶಾಲೆಗಳ ಬಾಗಿಲು ತೆರೆಯುವುದು ಒಂದನೇ ತರಗತಿಗೆ. ಅಷ್ಟರಲ್ಲಿ ಮಗು ಬೇರೆ ಶಾಲೆಗೆ ಒಗ್ಗಿರುತ್ತದೆ.

ಸೂರಿನ ಕಥೆಗೆ ಮತ್ತೆ ಬರುತ್ತೇನೆ. ದುಡ್ಡು ಎಷ್ಟು ಎನ್ನುವಷ್ಟೇ ಯಾವಾಗ ಎನ್ನುವುದೂ ಮುಖ್ಯ ಎಂದು ಅಲ್ಲೇ ಗೊತ್ತಾಗುವುದು. ಮಲೆನಾಡಿನಲ್ಲಿ ಹೆಂಚು ಕೈಯಾಡಿಸುವುದು ಏಪ್ರಿಲ್-ಮೇ ತಿಂಗಳ ಕೆಲಸ. ಮಂಗಗಳು ಒಡೆದ ಹೆಂಚು ಬದಲಿಸಬೇಕು, ರೀಪು ತಟ್ಟಿ ನೋಡಬೇಕು, ಮೋರಿ ಬಿಡಿಸಬೇಕು. ಜೂನ್ ಬಂದರೆ ಸೂರು ಹತ್ತುವ ಮಾತೇ ಇಲ್ಲ. ಆದರೆ ಏಪ್ರಿಲ್ ಎಂದರೆ ಹಣಕಾಸು ವರ್ಷದ ಮೊದಲ ತಿಂಗಳು. ಹೊಸ ವರ್ಷದ ಅನುದಾನ ಇನ್ನೂ ಬಂದಿರುವುದಿಲ್ಲ. ಹಳೆಯದು ಮಾರ್ಚ್ 31ಕ್ಕೆ ಮುಗಿದಿರುತ್ತದೆ. ಈಗಿನ ಪದ್ಧತಿಯಲ್ಲಿ ಹಣ ಶಾಲೆಯ ಖಾತೆಗೆ ಬಂದು ಕೂರುವುದೂ ಇಲ್ಲ. ಖರ್ಚಿನ ಲಿಮಿಟ್ ಮಾತ್ರ ಬರುತ್ತದೆ, ವರ್ಷ ಮುಗಿದರೆ ಅದೂ ಹೋಗುತ್ತದೆ. ಹೀಗಾಗಿ ಮಳೆಗಾಲ ಮುಗಿದು, ಗೋಡೆ ನೆನೆದು, ಪಾಠಪುಸ್ತಕಕ್ಕೆ ಬೂಸ್ಟು ಹಿಡಿದ ಮೇಲೆ ದುಡ್ಡು ಸಿಗುತ್ತದೆ. ಫೆಬ್ರವರಿ-ಮಾರ್ಚ್‌ನಲ್ಲಿ ಬಿಲ್ ಮಾಡುವ ಗಡಿಬಿಡಿ. ಆಗ ಸೂರಿನ ಕೆಲಸ ಯಾರಿಗೂ ಬೇಡ, ಬೇಗ ಮುಗಿಯುವುದು ಬಣ್ಣ.

ಬಣ್ಣ ಎಂದಾಗ ನೆನಪಾಯಿತು. ದಾನಿಗಳ ದುಡ್ಡಿನಲ್ಲಿ ಗೋಡೆಗೆ ರೈಲಿನ ಡಬ್ಬಿ ಬರೆಸಿದ ಶಾಲೆಗಳನ್ನು ನೀವೂ ನೋಡಿರುತ್ತೀರಿ. ಮಕ್ಕಳಿಗೆ ಖುಷಿಯೇ, ನನ್ನ ತಕರಾರಿಲ್ಲ. ಆದರೆ ಪಕಾಸಿ ಬದಲಿಸಿಕೊಟ್ಟ ದಾನಿಯ ಹೆಸರಿನ ಫಲಕ ನಾನಂತೂ ನೋಡಿಲ್ಲ. ಸ್ಮಾರ್ಟ್ ಟಿವಿ ಕೊಡುತ್ತಾರೆ, ಅರ್ಥಿಂಗ್ ಸರಿ ಮಾಡಿಸಲು ಯಾರೂ ಬರುವುದಿಲ್ಲ. ಮೊದಲ ಸಿಡಿಲಿಗೇ ಟಿವಿ ಹೋಗುತ್ತದೆ. ದಾನ ಬೇಕು, ಆದರೆ ಕಾಣದ ಕೆಲಸಕ್ಕೆ ಸರ್ಕಾರದ ದುಡ್ಡೇ ಬೇಕು.

‘ಸರ್ಕಾರಿ ಶಾಲೆಯ ಒಂದೊಂದು ಮಗುವಿಗೂ ಈಗಾಗಲೇ ಎಷ್ಟೊಂದು ಖರ್ಚು ಬೀಳುತ್ತಿದೆ’ ಎನ್ನುವ ವಾದವೂ ಇದೆ. ಆ ಖರ್ಚಿನ ಬಹುಪಾಲು ಸಂಬಳ. ಇಬ್ಬರ ಸಂಬಳವನ್ನು 28 ಮಕ್ಕಳಿಗೆ ಭಾಗಿಸಿ. ಮುಂದಿನ ವರ್ಷ ಮಕ್ಕಳು 20 ಆದರೆ ಅದೇ ಸಂಬಳದ ತಲಾ ಲೆಕ್ಕ ಶೇ 40 ಏರುತ್ತದೆ. ಯಾರೂ ಒಂದು ರೂಪಾಯಿ ಹೆಚ್ಚು ಹಾಕಿಲ್ಲ, ಆದರೂ ಶಾಲೆ ದುಬಾರಿ ಎನಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಮುಚ್ಚಿ ಬೇರೆ ಶಾಲೆಗೆ ಸೇರಿಸುವ ವಿಲೀನದ ಮಾತು ಶುರು.

2019-20ಕ್ಕೂ ಮುಂಚೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ಒಂದನೇ ತರಗತಿಗೆ ಸೇರಿದ ಪ್ರತಿ ಮಗುವಿಗೆ ರಾಜ್ಯ ಸರ್ಕಾರ ಖಾಸಗಿ ಶಾಲೆಗೆ ವರ್ಷಕ್ಕೆ 16,000 ರೂಪಾಯಿವರೆಗೆ ಕೊಡುತ್ತಿತ್ತು. ಅದರಲ್ಲಿ ಸಂಬಳದ ಪಾಲೂ ಸೇರಿದೆ, ನಮ್ಮ 10,000ದಲ್ಲಿ ಸೇರಿಲ್ಲ, ಹೋಲಿಕೆ ಪೂರ್ತಿ ಸರಿಯಲ್ಲ, ಗೊತ್ತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಬೇಡ ಎಂದು ಆಮೇಲೆ ನಿಯಮ ಬದಲಾಯಿತು. ಒಳ್ಳೆಯದೇ. ಆದರೆ ಪಕ್ಕದಲ್ಲಿ ಶಾಲೆ ಇದೆ ಎನ್ನುವ ಸರ್ಕಾರ ಆ ಶಾಲೆಯನ್ನು ಮಕ್ಕಳನ್ನು ಸೇರಿಸುವ ಹಾಗೆ ಇಡಬೇಕಲ್ಲ.

ವಿಲೀನ ಬಯಲುಸೀಮೆಯಲ್ಲಿ ಕೆಲವೆಡೆ ಒಪ್ಪುವಂಥದ್ದೇ. ಒಳ್ಳೆಯ ರಸ್ತೆ, ಬಸ್ಸು ಇದ್ದರೆ ತರಗತಿಗೊಬ್ಬರು ಶಿಕ್ಷಕರಿರುವ ದೊಡ್ಡ ಶಾಲೆ ಮಕ್ಕಳಿಗೆ ಲಾಭ. ಆಲೂರು, ಸಕಲೇಶಪುರ, ಬೇಲೂರಿನ ತೋಟದ ಸಾಲಿನಲ್ಲಿ ಹಾಗಲ್ಲ. ಕಾಡಾನೆ ಇದೆ ಎಂದು ಅರಣ್ಯ ಇಲಾಖೆ ಎಚ್ಚರಿಸಿದ ದಾರಿಯಲ್ಲಿ ಏಳು ವರ್ಷದ ಮಗು ಮೂರು ಕಿಲೋಮೀಟರ್ ನಡೆಯಬೇಕೇ? ಶಾಲೆ ಮುಚ್ಚಿ ಉಳಿಸಿದ ದುಡ್ಡು ವ್ಯಾನಿಗೆ ಹೋಗುತ್ತದೆ. ವ್ಯಾನು ಇಲ್ಲದಿದ್ದರೆ ಮಗು ತೋಟದ ಕಾರ್ಮಿಕರ ಲೈನ್ ಮನೆಯಲ್ಲೇ ಉಳಿಯುತ್ತದೆ.

ಎಣಿಕೆಯಲ್ಲೂ ಒಂದು ತೊಡಕಿದೆ, ಇದನ್ನು ಯಾರೂ ಹೆಚ್ಚು ಮಾತಾಡುವುದಿಲ್ಲ. ದೇಶದ ಶಾಲೆಗಳ ಅಂಕಿಅಂಶ ಸಂಗ್ರಹಿಸುವ ಯುಡೈಸ್ ಲೆಕ್ಕಕ್ಕೆ ಹಿಡಿಯುವ ದಿನ ಸೆಪ್ಟೆಂಬರ್ 30. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ, ರೊಬಸ್ಟಾ ಜನವರಿಯ ನಂತರ. ಉತ್ತರ ಕರ್ನಾಟಕದಿಂದ, ಅಸ್ಸಾಂನಿಂದ ಕುಟುಂಬಗಳು ಬರುವುದು ಆಗ. ಮಕ್ಕಳ ಟಿಸಿ ಇರುವುದಿಲ್ಲ, ಆಧಾರ್‌ನಲ್ಲಿ ಹೆಸರು ಬೇರೆ ಇರುತ್ತದೆ, ಕನ್ನಡ ಬರುವುದಿಲ್ಲ. ಇವರನ್ನು ಕೂರಿಸಿಕೊಳ್ಳುವುದು ಸರ್ಕಾರಿ ಶಾಲೆಯೇ. ಲೆಕ್ಕದಲ್ಲಿ 28 ಇರುವ ಶಾಲೆಯಲ್ಲಿ ಜನವರಿಗೆ ಅದಕ್ಕಿಂತ ಜಾಸ್ತಿ ಮಕ್ಕಳು ಕೂತಿರುತ್ತಾರೆ. ಅನುದಾನ ಮಾತ್ರ ಅದೇ.

2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ರಾಜ್ಯಕ್ಕೇ ಮೊದಲು ಬಂತು. ಅದರ ಹೆಗ್ಗಳಿಕೆ ಯಾರದ್ದು ಎಂದು ನಡೆದ ಜಗಳವೂ ನೆನಪಿರಬಹುದು. ಮೂರನೇ ತರಗತಿಯ ಮಗುವಿಗೆ ಕೂಡಿಸಿ ಕಳೆಯಲು ಬರುತ್ತದೆಯೇ ಎಂದು ಯಾರೂ ಜಗಳ ಆಡಿದ್ದು ನಾನು ಕಾಣೆ.

ಶಿಕ್ಷಣಕ್ಕೆ ದೇಶದ ಉತ್ಪನ್ನದ ಶೇ 6 ಬೇಕು ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಹೇಳಿದೆ. ಅದು ಆಗುವಾಗ ಆಗಲಿ. ಹಾಸನದ ಮಲೆನಾಡಿಗೆ ಈಗಲೇ ಆಗಬೇಕಾದದ್ದು ಬೇರೆ. ಮಕ್ಕಳೆಷ್ಟೇ ಇರಲಿ, ಸೂರು ಮತ್ತು ಶೌಚಾಲಯಕ್ಕೆ ಒಂದು ಮೂಲ ಮೊತ್ತ ಪ್ರತಿ ಶಾಲೆಗೂ ಇರಬೇಕು. ಮಳೆ ತಾಲ್ಲೂಕುಗಳಿಗೆ ಆ ಹಣ ಏಪ್ರಿಲ್ ಮೊದಲ ವಾರವೇ ಸಿಗಬೇಕು. ಐದು ತರಗತಿಗೆ ಕನಿಷ್ಠ ಮೂರನೆಯ ಶಿಕ್ಷಕರು ಬೇಕು, ಅದೂ ಅತಿಥಿ ಶಿಕ್ಷಕರಲ್ಲ, ಕಾಯಂ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಒಂದು ಮಾತು. ರಾಜ್ಯ ಬಜೆಟ್ ಬರುವುದು ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನಲ್ಲಿ. ನಿಮ್ಮ ಠರಾವು ಡಿಸೆಂಬರ್‌ನಲ್ಲೇ ಬಿಇಒ ಕಚೇರಿಗೆ, ಶಾಸಕರಿಗೆ ತಲುಪಲಿ. ಜೊತೆಗೆ ಜುಲೈನಲ್ಲಿ ಸೋರಿದ ಸೂರಿನ ಫೋಟೊ ಇರಲಿ, ಸೆಪ್ಟೆಂಬರ್‌ನ ದಾಖಲಾತಿ ಇರಲಿ. ಹಿಂದಿನ ಜನವರಿಯ ಹಾಜರಿ ಪುಸ್ತಕದ ಪ್ರತಿಯನ್ನೂ ಮರೆಯದೆ ಲಗತ್ತಿಸಿ.