ವುಡ್‌ಸ್ಟಾಕ್‌ನ ಹಳೇ ಫೋಟೋ ಅಂತ ಬರುವುದೆಲ್ಲ ವುಡ್‌ಸ್ಟಾಕ್‌ದೇನಾ?

ಓದುಗರ ಪ್ರಶ್ನೆ: "ವುಡ್‌ಸ್ಟಾಕ್ 1969" ಅಂತ ಹೆಸರು ಹಾಕಿದ ಹಳೇ ಫೋಟೋಗಳು ಫೇಸ್‌ಬುಕ್, ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಅವೆಲ್ಲ ನಿಜವಾಗಲೂ ಅಲ್ಲೇ ತೆಗೆದವಾ? ನೋಡಿ ಗುರುತು ಹಿಡಿಯಲು ಏನಾದರೂ ದಾರಿ ಇದೆಯಾ?

ವುಡ್‌ಸ್ಟಾಕ್ ಅಂದರೆ 1969ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಬಯಲು ಸಂಗೀತೋತ್ಸವ. ಆ ಹೆಸರಲ್ಲಿ ಬರುವ ಫೋಟೋಗಳೆಲ್ಲವೂ ಅಲ್ಲಿಯವಲ್ಲ. ಹಾಗಂತ ಅವು ಪೂರ್ತಿ ಸುಳ್ಳೂ ಅಲ್ಲ. ಜಾಸ್ತಿ ಕಾಣುವುದು ಊರು ತಪ್ಪಿದ ಫೋಟೋಗಳು. ಅದೇ ಕಾಲದವು, ಅದೇ ಉದ್ದ ಕೂದಲು, ಅದೇ ಮಣಿಸರ. ಆದರೆ ತೆಗೆದದ್ದು ಬೇರೆ ದೇಶದಲ್ಲೋ ಬೇರೆ ವರ್ಷದಲ್ಲೋ. 1967ರಿಂದ 1971ರವರೆಗೆ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಇಂಥ ಬಯಲು ಸಂಗೀತೋತ್ಸವಗಳು ಸಾಕಷ್ಟು ನಡೆದವು. ಜನರ ಬಾಯಲ್ಲಿ ಉಳಿದದ್ದು ವುಡ್‌ಸ್ಟಾಕ್ ಹೆಸರು. ಹಾಗಾಗಿ ಬೇರೆಯವುಗಳ ಫೋಟೋಗಳಿಗೂ ಅದೇ ಹೆಸರು ಅಂಟಿಕೊಂಡುಬಿಟ್ಟಿದೆ. ಗುರುತು ಹಿಡಿಯಲು ದಾರಿ ಖಂಡಿತ ಇದೆ. ಅದಕ್ಕೆ ಆ ಹೊಲ ಹೇಗಿತ್ತು, ಆ ದಿನಗಳಲ್ಲಿ ಏನೇನಾಯಿತು ಅಂತ ಸ್ವಲ್ಪ ಗೊತ್ತಿರಬೇಕು.

ಮೊದಲು ಜಾಗ. ಉತ್ಸವ ನಡೆದದ್ದು ವುಡ್‌ಸ್ಟಾಕ್ ಊರಿನಲ್ಲಲ್ಲ. ಅಲ್ಲಿಂದ ಸುಮಾರು 70 ಕಿಲೋಮೀಟರ್ ದೂರದ ಬೆತೆಲ್‌ನಲ್ಲಿ, ಹೈನುಗಾರಿಕೆ ಮಾಡುತ್ತಿದ್ದ ಮ್ಯಾಕ್ಸ್ ಯಾಸ್ಗರ್ ಅವರ ಹುಲ್ಲಿನ ಹೊಲದಲ್ಲಿ. ಅದು ನ್ಯೂಯಾರ್ಕ್ ರಾಜ್ಯದ ಹಳ್ಳಿ ಕಡೆ. ಅದಕ್ಕೂ ಮೊದಲು ವಾಲ್ಕಿಲ್ ಎಂಬ ಊರಲ್ಲಿ ತಯಾರಿ ನಡೆದಿತ್ತು. ಊರಿನವರು ಒಪ್ಪಲಿಲ್ಲ. ಇನ್ನು ಒಂದು ತಿಂಗಳು ಇದೆ ಅನ್ನುವಾಗ ಜಾಗ ಬದಲಾಯಿಸಬೇಕಾಯಿತು. ವೇದಿಕೆ, ಬೇಲಿ, ಟಿಕೆಟ್ ಗೇಟು ಎಲ್ಲವನ್ನೂ ಕಟ್ಟಿ ಮುಗಿಸಲು ಸಮಯ ಸಾಲಲಿಲ್ಲ. ವೇದಿಕೆ ಹೇಗೋ ಎದ್ದು ನಿಂತಿತು, ಬೇಲಿ ಅರ್ಧಕ್ಕೇ ಉಳಿಯಿತು. ಮುಂಗಡವಾಗಿ ಸುಮಾರು 1,86,000 ಟಿಕೆಟ್ ಮಾರಾಟವಾಗಿದ್ದವು. ಬಂದವರು 4 ಲಕ್ಷಕ್ಕೂ ಮೇಲೆ ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ಕೊನೆಗೆ ಎಲ್ಲರಿಗೂ ಪುಕ್ಕಟೆ ಅಂತ ಸಾರಿದರು.

ಈ ಅವಸರವೆಲ್ಲ ಫೋಟೋದಲ್ಲಿ ಕಾಣುತ್ತದೆ. ಬೋಗುಣಿಯ ಹಾಗೆ ಇಳಿಜಾರಾದ ಹೊಲ. ಅದರ ತಳದಲ್ಲಿ ದೊಡ್ಡ ಮರದ ವೇದಿಕೆ. ಸರಿಯಾದ ಚಾವಣಿ ಇಲ್ಲ, ಮೇಲೆ ಕ್ಯಾನ್ವಾಸ್ ಎಳೆದು ಕಟ್ಟಿದ್ದಾರೆ. ಆಚೆ ಈಚೆ ಎತ್ತರದ ಕಬ್ಬಿಣದ ಅಟ್ಟಣಿಗೆ, ಅದರ ಮೇಲೆ ಸ್ಪೀಕರ್‌ಗಳು. ಅಟ್ಟಣಿಗೆ ಹತ್ತಿ ಕೂತ ಹುಡುಗರು. ಸುತ್ತ ಹಸಿರು ಮರಗಳು, ಯಾಕೆಂದರೆ ಅದು ಆಗಸ್ಟ್ ತಿಂಗಳು. ಮುಖ್ಯವಾಗಿ, ಪ್ರೇಕ್ಷಕರಿಗೆ ಸಾಲು ಕುರ್ಚಿ ಇರಲಿಲ್ಲ. ಎಲ್ಲರೂ ನೆಲದ ಮೇಲೆ.

ಹಾಗಾಗಿ ಸಾಲು ಕುರ್ಚಿ ಕಂಡರೆ ಅದು 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ನಡೆದ ಉತ್ಸವ ಇರಬಹುದು. ಹಿಂದೆ ಒಣಗಿದ ಬೋಳು ಗುಡ್ಡ, ಜನರ ಮೈಮೇಲೆ ದಪ್ಪ ಕೋಟು, ಜನರ ಎದೆಮಟ್ಟಕ್ಕಿರುವ ತಗ್ಗು ವೇದಿಕೆ ಕಂಡರೆ ಆಲ್ಟಮಾಂಟ್ ಇರಬೇಕು. ಅದು ನಡೆದದ್ದು 1969ರ ಡಿಸೆಂಬರ್ 6ರಂದು, ಅದೂ ಕ್ಯಾಲಿಫೋರ್ನಿಯಾದಲ್ಲೇ. ವೇದಿಕೆ ಪಿರಮಿಡ್ ಆಕಾರದಲ್ಲಿದ್ದರೆ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ. ಅಲ್ಲಿ ಮೊದಲ ಪಿರಮಿಡ್ ಎದ್ದದ್ದು 1971ರಲ್ಲಿ. ತಗಡಿನ ಎತ್ತರದ ಬೇಲಿ, ಅದರಾಚೆ ಗುಡ್ಡದ ತುಂಬ ಟೆಂಟು ಕಂಡರೆ ಇಂಗ್ಲೆಂಡಿನದೇ ದ್ವೀಪವಾದ ಐಲ್ ಆಫ್ ವೈಟ್‌ನ 1970ರ ಉತ್ಸವದ ಕಡೆ ಹುಡುಕಿ.

ವೇದಿಕೆ ಮೇಲೆ ಯಾರಿದ್ದಾರೆ ಅನ್ನುವುದು ಇನ್ನೂ ಸುಲಭದ ಗುರುತು. ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಡೋರ್ಸ್, ಲೆಡ್ ಜೆಪ್ಲಿನ್, ಜೋನಿ ಮಿಚೆಲ್ ಇವರ್ಯಾರೂ ವುಡ್‌ಸ್ಟಾಕ್‌ನಲ್ಲಿ ಹಾಡಲಿಲ್ಲ. ಬಾಬ್ ಡಿಲನ್ ಕೂಡ ಬರಲಿಲ್ಲ. ಅವರು ಎರಡು ವಾರದ ಮೇಲೆ, ಆಗಸ್ಟ್ 31ರಂದು, ಐಲ್ ಆಫ್ ವೈಟ್‌ನಲ್ಲಿ ಬಿಳಿ ಸೂಟು ತೊಟ್ಟು ಹಾಡಿದರು. ಆ ಫೋಟೋಗೆ ವುಡ್‌ಸ್ಟಾಕ್ ಹೆಸರು ಹಾಕಿದರೆ ವರ್ಷ ಸರಿ, ದೇಶ ತಪ್ಪು.

ನನಗೆ ಎಲ್ಲಕ್ಕಿಂತ ಇಷ್ಟವಾದ ಗುರುತು ಬೆಳಕು. ಕಾರ್ಯಕ್ರಮ ಶುರುವಾದದ್ದು 1969ರ ಆಗಸ್ಟ್ 15, ಶುಕ್ರವಾರ ಸಂಜೆ. ರಸ್ತೆಗಳೆಲ್ಲ ಕಾರುಗಳಿಂದ ಕಟ್ಟಿಹೋಗಿದ್ದರಿಂದ ಕಲಾವಿದರನ್ನು ಹೆಲಿಕಾಪ್ಟರ್‌ನಲ್ಲಿ ತರಬೇಕಾಯಿತು. ಮಳೆ ಬೇರೆ ಬಂತು. ಸಮಯ ಜಾರುತ್ತಾ ಹೋಗಿ, ಭಾನುವಾರ ರಾತ್ರಿ ಮುಗಿಯಬೇಕಾದದ್ದು ಸೋಮವಾರ ಬೆಳಗ್ಗೆ ಮುಗಿಯಿತು. ಇದರಿಂದ ಯಾರು ಹಗಲಲ್ಲಿ ಹಾಡಿದರು, ಯಾರು ಕತ್ತಲಲ್ಲಿ ಹಾಡಿದರು ಅನ್ನುವುದು ಚೆನ್ನಾಗಿ ಗೊತ್ತಿದೆ. ಸಾಂಟಾನಾ ಶನಿವಾರ ಮಧ್ಯಾಹ್ನ, ಜೋ ಕಾಕರ್ ಭಾನುವಾರ ಮಧ್ಯಾಹ್ನ. ಜಾನಿಸ್ ಜಾಪ್ಲಿನ್ ಹಾಡಿದ್ದು ಶನಿವಾರ ಮಧ್ಯರಾತ್ರಿ ದಾಟಿದ ಮೇಲೆ. ಹಾಗಾದರೆ ಬಿಸಿಲಲ್ಲಿ ವೇದಿಕೆ ಮೇಲೆ ಹಾಡುತ್ತಿರುವ ಜಾಪ್ಲಿನ್ ಫೋಟೋ ವುಡ್‌ಸ್ಟಾಕ್‌ದಾಗಲು ಸಾಧ್ಯವೇ ಇಲ್ಲ, ಅಲ್ವಾ?

ನಮ್ಮವರು ಅತಿ ಹೆಚ್ಚು ಹಂಚುವ ಫೋಟೋಗೂ ಇದೇ ಲೆಕ್ಕ ಹಾಕಿ ನೋಡಿ. ಪಂಡಿತ್ ರವಿಶಂಕರ್ ಸಿತಾರ್ ನುಡಿಸುತ್ತಿದ್ದಾರೆ, ಪಕ್ಕದಲ್ಲಿ ತಬಲಾಕ್ಕೆ ಅಲ್ಲಾ ರಖಾ. ಎದುರಿಗೆ ಜನ ಕುರ್ಚಿಗಳಲ್ಲಿ ಮೈಮರೆತು ಕೂತಿದ್ದಾರೆ. ಹಗಲು ಬೆಳಕಿದೆ. ಇದು ಮಾಂಟೆರೆ, 1967ರ ಜೂನ್ 18ರ ಮಧ್ಯಾಹ್ನ. ವುಡ್‌ಸ್ಟಾಕ್‌ನಲ್ಲೂ ಅವರಿಬ್ಬರೂ ಜೊತೆಗೇ ನುಡಿಸಿದರು, ಆದರೆ ಶುಕ್ರವಾರ ರಾತ್ರಿ, ಮಳೆಯಲ್ಲಿ. ಆ ಫೋಟೋಗಳಲ್ಲಿ ಹಿಂದೆ ಕಪ್ಪು ಕತ್ತಲು, ಮುಖದ ಮೇಲೆ ದೀಪದ ಬೆಳಕು. ಕೆಸರಲ್ಲಿ ಕೂತ ಜನರನ್ನು ಕಂಡು ನಮ್ಮ ದೇಶದ ಎಮ್ಮೆಗಳು ಕೆಸರಲ್ಲಿ ಮುಳುಗಿರುವುದು ನೆನಪಾಯಿತು ಅಂತ ರವಿಶಂಕರ್ ಆಮೇಲೆ ಹೇಳಿದ್ದುಂಟು. ಅವರಿಗೆ ಆ ಕಛೇರಿ ಹಿಡಿಸಲಿಲ್ಲ. ಮಾಂಟೆರೆಯ ನೆನಪು ಮಾತ್ರ ಅವರಿಗೆ ಪ್ರೀತಿಯದು. ಈ ಎರಡು ಫೋಟೋಗಳನ್ನು ಅದಲು ಬದಲು ಮಾಡಿದರೆ ಒಬ್ಬ ದೊಡ್ಡ ಕಲಾವಿದರ ಅನುಭವವೇ ತಲೆಕೆಳಗಾಗುತ್ತದೆ. ಅದಕ್ಕೇ ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಅದೇ ಶುಕ್ರವಾರ, ಕತ್ತಲಾಗುವ ಮೊದಲು ತೆಗೆದ ಇನ್ನೊಂದು ಫೋಟೋ ಇದೆ. ಕಾವಿ ತೊಟ್ಟ, ಉದ್ದ ಗಡ್ಡದ ಸ್ವಾಮಿಯೊಬ್ಬರು ವೇದಿಕೆ ಮೇಲೆ ಕೂತಿದ್ದಾರೆ, ಎದುರಿಗೆ ಕಣ್ಣು ಹಾಯುವಷ್ಟು ದೂರ ಜನ. ಗಡ್ಡ ನೋಡಿ ಮಹೇಶ್ ಯೋಗಿ ಅಂದುಕೊಳ್ಳಬೇಡಿ. ಅವರು ಕೊಯಮತ್ತೂರು ಕಡೆಯ ಸ್ವಾಮಿ ಸಚ್ಚಿದಾನಂದ. ಇದು ನಿಜವಾದ ವುಡ್‌ಸ್ಟಾಕ್ ಫೋಟೋ, ಧೈರ್ಯವಾಗಿ ಹಂಚಬಹುದು.

ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವಿಷಯದಲ್ಲಿ ಗೊಂದಲ ಇನ್ನೂ ಜಾಸ್ತಿ. ಗಿಟಾರ್‌ಗೆ ಬೆಂಕಿ ಹಚ್ಚಿ ಮುಂದೆ ಮಂಡಿಯೂರಿ ಕೂತ ಫೋಟೋ ಮಾಂಟೆರೆಯದು. ಅಗಲ ತೋಳಿನ ಕಿತ್ತಳೆ ಬಣ್ಣದ ಅಂಗಿಯಲ್ಲಿ, ರಾತ್ರಿ ದೀಪದಲ್ಲಿ ನಿಂತಿದ್ದರೆ 1970ರ ಐಲ್ ಆಫ್ ವೈಟ್. ವುಡ್‌ಸ್ಟಾಕ್‌ನ ಹೆಂಡ್ರಿಕ್ಸ್ ಅಂದರೆ ಜಾಲರಿ ಇಳಿಬಿಟ್ಟ ಬಿಳಿ ಚರ್ಮದ ಅಂಗಿ, ನೀಲಿ ಜೀನ್ಸ್, ತಲೆಗೆ ಕಟ್ಟಿದ ಕೆಂಪು ವಸ್ತ್ರ, ಕೈಯಲ್ಲಿ ಬಿಳಿ ಗಿಟಾರ್. ಮತ್ತು ಹಗಲು. ಅವರು ವೇದಿಕೆ ಹತ್ತಿದ್ದು ಸೋಮವಾರ ಬೆಳಗ್ಗೆ. ಆ ಹೊತ್ತಿಗೆ ಲಕ್ಷಗಟ್ಟಲೆ ಜನ ಮನೆ ದಾರಿ ಹಿಡಿದಿದ್ದರು. ಅಮೆರಿಕದ ರಾಷ್ಟ್ರಗೀತೆಯನ್ನು ಅವರು ಗಿಟಾರಿನಲ್ಲಿ ಚೀರಿಸಿದ ಆ ಪ್ರಸಿದ್ಧ ಗಳಿಗೆಯನ್ನು ಎದುರಿಗಿದ್ದು ಕೇಳಿದವರು ಬಂದವರಲ್ಲಿ ಒಂದು ಚಿಕ್ಕ ಪಾಲು. ಹೆಂಡ್ರಿಕ್ಸ್ ಬೆನ್ನ ಹಿಂದಿನಿಂದ ತೆಗೆದ ಫೋಟೋಗಳಲ್ಲಿ ಜನರ ನಡುವೆ ಖಾಲಿ ನೆಲ ಕಾಣುತ್ತದೆ.

ಕೆಸರನ್ನು ನೋಡಿ ದಿನವನ್ನೂ ಹೇಳಬಹುದು. ಶುಕ್ರವಾರ ಹಗಲಿನ ಫೋಟೋಗಳಲ್ಲಿ ಹುಲ್ಲು ಇನ್ನೂ ಹುಲ್ಲಾಗಿಯೇ ಇದೆ, ಬಟ್ಟೆ ಒಣಗಿದೆ. ಆ ರಾತ್ರಿಯ ಮಳೆ ನೆಲವನ್ನು ಕಲಸಿಬಿಟ್ಟಿತು. ಭಾನುವಾರ ಮಧ್ಯಾಹ್ನ ಜೋ ಕಾಕರ್ ಹಾಡಿ ಮುಗಿಸುತ್ತಿದ್ದಂತೆ ಗಾಳಿ ಮಳೆ ಜೋರಾಗಿ ಬಂದು, ಗಂಟೆಗಟ್ಟಲೆ ಹಾಡು ನಿಂತಿತು. ಹುಡುಗರು ಇಳಿಜಾರಿನಲ್ಲಿ ಕೆಸರಿನ ಜಾರುಬಂಡೆ ಆಡುವ ಫೋಟೋಗಳು ಆ ಹೊತ್ತಿನವು. ಸೋಮವಾರದ ಫೋಟೋಗಳಲ್ಲಿ ಹೊಲದ ತುಂಬ ಬಿಟ್ಟುಹೋದ ಹೊದಿಕೆ, ಚಪ್ಪಲಿ, ಕಾಗದ.

ಇಲ್ಲೊಂದು ಎಚ್ಚರಿಕೆ. 1994ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾಗರ್ಟೀಸ್‌ನಲ್ಲಿ ವುಡ್‌ಸ್ಟಾಕ್ ಹೆಸರಲ್ಲೇ ಇನ್ನೊಂದು ಉತ್ಸವ ನಡೆಯಿತು. ಅಲ್ಲೂ ಮಳೆ, ಅಲ್ಲೂ ಅಡಿಯಿಂದ ಮುಡಿವರೆಗೆ ಕೆಸರು. ಆ ಫೋಟೋವನ್ನು ಕಪ್ಪು ಬಿಳುಪು ಮಾಡಿ 1969 ಅಂತ ಹಾಕಿದರೆ ಯಾರಾದರೂ ಮೋಸ ಹೋಗಬಹುದು. ಆಗ ಜನರ ಕೈ ನೋಡಿ. ಪ್ಲಾಸ್ಟಿಕ್ ನೀರಿನ ಬಾಟಲಿ ಇದ್ದರೆ ಅದು 1969 ಅಲ್ಲ. ಹಿಂದುಮುಂದಾಗಿ ಹಾಕಿದ ಬೇಸ್‌ಬಾಲ್ ಟೋಪಿ, ಗುಮ್ಮಟದಂಥ ನೈಲಾನ್ ಟೆಂಟು ಕಂಡರೂ ಅನುಮಾನ ಪಡಬೇಕು.

ಈಗ ಎಲ್ಲರಿಗೂ ಗೊತ್ತಿರುವ ಒಂದು ಫೋಟೋವನ್ನು ಹತ್ತಿರದಿಂದ ನೋಡೋಣ. ಗುಲಾಬಿ ಅಂಚಿನ ಮಾಸಲು ಹೊದಿಕೆ ಸುತ್ತಿಕೊಂಡು ಒಬ್ಬ ಹುಡುಗ, ಒಬ್ಬ ಹುಡುಗಿ ಅಪ್ಪಿಕೊಂಡು ನಿಂತಿದ್ದಾರೆ. ಹುಡುಗಿ ಕಣ್ಣಿಗೆ ದೊಡ್ಡ ತಂಪು ಕನ್ನಡಕ. ಅವರ ಸುತ್ತ ಜನ ನೆಲದ ಮೇಲೆ ಮಲಗಿದ್ದಾರೆ. ಪಕ್ಕದಲ್ಲಿ ನೆಟ್ಟ ಕೋಲಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಚಿಟ್ಟೆ. ಹಿಂದಿನ ಇಳಿಜಾರು ಮುಂಜಾವದ ಮಬ್ಬಿನಲ್ಲಿ ಕರಗಿದೆ. ತೆಗೆದವರು ಬರ್ಕ್ ಅಜಲ್. ಅವರನ್ನು ಯಾವ ಪತ್ರಿಕೆಯೂ ಕಳಿಸಿರಲಿಲ್ಲ, ತಾವಾಗಿಯೇ ಬಂದಿದ್ದರು. ಬೇರೆ ಫೋಟೋಗ್ರಾಫರುಗಳು ವೇದಿಕೆಯ ಹತ್ತಿರ ಜಾಗಕ್ಕೆ ಹೆಣಗಾಡುತ್ತಿದ್ದಾಗ ಇವರು ಜನರ ಮಧ್ಯೆ ಓಡಾಡಿದರು. 1970ರಲ್ಲಿ ಉತ್ಸವದ ಧ್ವನಿಮುದ್ರಿಕೆ ಬಂದಾಗ ಅದರ ಕವರ್ ಮೇಲೆ ಯಾವ ಗಾಯಕರ ಚಿತ್ರವೂ ಇರಲಿಲ್ಲ, ಇದೇ ಫೋಟೋ ಇತ್ತು.

ಆ ಜೋಡಿ ನಿಕ್ ಎರ್ಕೋಲಿನ್ ಮತ್ತು ಬಾಬಿ ಕೆಲ್ಲಿ. ಇಬ್ಬರಿಗೂ 20 ವರ್ಷ, ಹತ್ತಿರದ ಊರಿನವರು. ತಮ್ಮ ಫೋಟೋ ತೆಗೆದದ್ದೇ ಅವರಿಗೆ ಗೊತ್ತಿರಲಿಲ್ಲ. ಗೆಳೆಯರ ಜೊತೆ ಆ ಮುದ್ರಿಕೆ ಕೇಳುತ್ತಾ ಕೂತಿದ್ದಾಗ ಮೊದಲು ಗುರುತು ಸಿಕ್ಕಿದ್ದು ಆ ಚಿಟ್ಟೆಯ ಕೋಲು. ಅದರ ಪಕ್ಕದಲ್ಲಿ ನೋಡಿದರೆ ತಾವೇ! 1971ರಲ್ಲಿ ಮದುವೆಯಾದರು, 2023ರಲ್ಲಿ ಬಾಬಿ ತೀರಿಕೊಳ್ಳುವವರೆಗೂ ಜೊತೆಗಿದ್ದರು. ಈ ಫೋಟೋವನ್ನು ಬರೇ ಜೋಡಿ ಕಾಣುವಂತೆ ಕತ್ತರಿಸಿ ಹಾಕುವವರಿದ್ದಾರೆ. ದಯವಿಟ್ಟು ಪೂರ್ತಿ ಫೋಟೋ ಹುಡುಕಿ ನೋಡಿ. ಸುತ್ತ ಮಲಗಿದ ದಣಿದ ಜನರಿದ್ದಾಗಲೇ ಆ ಅಪ್ಪುಗೆಗೆ ಅರ್ಥ.

ಬಣ್ಣವನ್ನು ಮಾತ್ರ ನಂಬಬೇಡಿ. ಹಳೇ ಫೋಟೋ ಅಂದರೆ ಹಳದಿ ಛಾಯೆ ಇರಬೇಕು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆ ಹಳದಿಯನ್ನು ಮೊಬೈಲ್ ಆಪ್ ಒಂದು ಸೆಕೆಂಡಿನಲ್ಲಿ ಹಚ್ಚುತ್ತದೆ. ಆ ಕಾಲದ ಕೊಡಾಕ್ರೋಮ್ ಫಿಲ್ಮನ್ನು ಕತ್ತಲಲ್ಲಿ ಜೋಪಾನ ಮಾಡಿದ್ದರೆ ಕೆಂಪು ಇವತ್ತಿಗೂ ಗಾಢ ಕೆಂಪು. ಅದರ ಅಣ್ಣತಮ್ಮನಂಥ ಎಕ್ಟಾಕ್ರೋಮ್ ಅಷ್ಟು ಬಾಳಲಿಲ್ಲ, ಬಣ್ಣ ಹೆಚ್ಚಾಗಿ ನೇರಳೆಗೆಂಪಿನ ಕಡೆ ವಾಲುತ್ತದೆ. ಕೊಡಾಕ್ರೋಮ್‌ಗೆ ಬೆಳಕು ತುಂಬ ಬೇಕು, ರಾತ್ರಿ ವೇದಿಕೆಗೆ ಅದು ನಡೆಯದು. ಹಾಗಾಗಿ ರಾತ್ರಿಯ ಫೋಟೋಗಳು ಕಪ್ಪು ಬಿಳುಪಾಗಿರುವುದು, ರವೆ ರವೆಯಾಗಿ ಕಾಣುವುದು ಸಹಜ. ಕಾಳುಗಳೇ ಇಲ್ಲದೆ ಗಾಜಿನಷ್ಟು ನುಣ್ಣಗಿರುವ ಬಣ್ಣದ ರಾತ್ರಿ ಫೋಟೋ ಬಂದರೆ ಇತ್ತೀಚೆಗೆ ಕಂಪ್ಯೂಟರ್ ಸೃಷ್ಟಿಸಿದ್ದಿರಬಹುದು. ಬೆರಳುಗಳನ್ನೂ ಹಿಂದಿನ ಫಲಕಗಳ ಅಕ್ಷರಗಳನ್ನೂ ದೊಡ್ಡದು ಮಾಡಿ ನೋಡಿ.

ಇಷ್ಟಾದ ಮೇಲೂ ಅನುಮಾನ ಉಳಿದರೆ ಫೋಟೋದ ಮೂಲ ಹುಡುಕಿಕೊಡುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಗೆ ಫೋಟೋ ಹಾಕಿ, ಫೋಟೋಗ್ರಾಫರ್ ಹೆಸರು ಸಿಗುವವರೆಗೆ ಹುಡುಕಿ. ಎಲಿಯಟ್ ಲ್ಯಾಂಡಿ ಮತ್ತು ಹೆನ್ರಿ ಡಿಲ್ಟ್ಜ್ ಉತ್ಸವದವರೇ ಕರೆಸಿದ ಫೋಟೋಗ್ರಾಫರುಗಳು. ವೇದಿಕೆ ಕಟ್ಟುವಾಗಿನ ಫೋಟೋ ಕಂಡರೆ ಅದು ಡಿಲ್ಟ್ಜ್ ಅವರದಿರಬಹುದು, ಅವರು ಮೊದಲೇ ಬಂದಿದ್ದರು. ರೋಲಿಂಗ್ ಸ್ಟೋನ್ ಪತ್ರಿಕೆಯ ಬ್ಯಾರನ್ ವೋಲ್ಮನ್ ಅವರಿಗೆ ವೇದಿಕೆಗಿಂತ ಜನರ ಮೇಲೇ ಕಣ್ಣು. ಲೈಫ್ ಪತ್ರಿಕೆಗೆ ಜಾನ್ ಡಾಮಿನಿಸ್, ಬಿಲ್ ಎಪ್ರಿಡ್ಜ್ ತೆಗೆದರು. ಬೆತೆಲ್‌ನ ಅದೇ ಜಾಗದಲ್ಲಿ 2008ರಿಂದ ಒಂದು ಮ್ಯೂಸಿಯಂ ಇದೆ, ಅಲ್ಲಿನ ಸಂಗ್ರಹವನ್ನೂ ನೋಡಬಹುದು.

ಹಂಚುವಾಗ ಫೋಟೋಗ್ರಾಫರ್ ಹೆಸರು ಬರೆಯಿರಿ. ಈ ಫೋಟೋಗಳಲ್ಲಿ ಹೆಚ್ಚಿನವಕ್ಕೆ ಇವತ್ತಿಗೂ ಹಕ್ಕುದಾರರಿದ್ದಾರೆ, ಹಾಗಾಗಿ ಪುಸ್ತಕಕ್ಕೋ ಪತ್ರಿಕೆಗೋ ಬಳಸುವುದಿದ್ದರೆ ಅನುಮತಿ ಬೇಕು. ಊರು ಗೊತ್ತಾಗದಿದ್ದರೆ ಸುಮ್ನೆ ವುಡ್‌ಸ್ಟಾಕ್ ಅನ್ನುವ ಬದಲು "1970ರ ಆಸುಪಾಸಿನ ಒಂದು ಸಂಗೀತೋತ್ಸವ" ಅಂತ ಬರೆಯಿರಿ. ಗೊತ್ತಿರುವ ಯಾರಾದರೂ ಕೆಳಗೆ ಸರಿಯಾದ ಹೆಸರು ಹಾಕಿದರೆ ಶೀರ್ಷಿಕೆಯನ್ನು ತಿದ್ದಿಬಿಡಿ.