ಕಾನೂನಿನ ಕಣ್ಣಿನಲ್ಲಿ ‘ವ್ಯಕ್ತಿ’: ವಿಗ್ರಹದಿಂದ ನದಿಯವರೆಗೆ

2017ರ ಮಾರ್ಚ್ 20ರಂದು ಉತ್ತರಾಖಂಡ ಹೈಕೋರ್ಟ್ ಗಂಗಾ ಮತ್ತು ಯಮುನಾ ನದಿಗಳನ್ನು ಕಾನೂನಾತ್ಮಕ ವ್ಯಕ್ತಿಗಳೆಂದು, ಅಂದರೆ ತಮ್ಮ ಹೆಸರಿನಲ್ಲೇ ಹಕ್ಕು, ಹೊಣೆ ಹೊಂದಬಲ್ಲ, ದಾವೆ ಹೂಡಬಲ್ಲ ಅಸ್ತಿತ್ವಗಳೆಂದು ಘೋಷಿಸಿತು. ಹತ್ತು ದಿನಗಳ ಬಳಿಕ ಅದೇ ನ್ಯಾಯಾಲಯ ಗಂಗೋತ್ರಿ, ಯಮುನೋತ್ರಿ ಹಿಮನದಿಗಳಿಗೂ ಕಾಡು, ಹುಲ್ಲುಗಾವಲು, ಗಾಳಿಗಳಿಗೂ ಅದೇ ಸ್ಥಾನ ನೀಡಿತು. ಜುಲೈ 7ರಂದು ಸುಪ್ರೀಂ ಕೋರ್ಟ್ ಮೊದಲ ಆದೇಶಕ್ಕೆ ತಡೆ ಕೊಟ್ಟಿತು. ಅಲ್ಲಿಂದೀಚೆಗೆ ದೇವರು, ಕಂಪನಿ, ನದಿ, ಪ್ರಾಣಿ ಎಲ್ಲವೂ ಒಂದೇ ಚರ್ಚೆಯಲ್ಲಿ ಬೆರೆತುಹೋಗಿವೆ. ‘ವ್ಯಕ್ತಿ’ ಎಂಬ ಅಮೂರ್ತ ಪರಿಕಲ್ಪನೆಯನ್ನು ನ್ಯಾಯಾಲಯಗಳು ಯಾವ ಕೆಲಸಕ್ಕಾಗಿ ಬಳಸುತ್ತ ಬಂದಿವೆ ಎಂಬುದನ್ನು ಮೊದಲಿನಿಂದ ನೋಡದೆ ಈ ಗೋಜಲು ಬಿಡಿಸುವುದು ಕಷ್ಟ.

ಸಂಘ, ಮಠ, ನಗರಗಳಂತಹ ಸಮೂಹಗಳಿಗೆ ಅವುಗಳ ಸದಸ್ಯರಿಂದ ಬೇರೆಯಾದ ಅಸ್ತಿತ್ವವಿದೆ ಎಂಬ ಯೋಚನೆ ರೋಮನ್ ಕಾನೂನಿನಷ್ಟು ಹಳೆಯದು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಅದು ದೊಡ್ಡ ವಾಗ್ವಾದವಾಯಿತು. ಇಂತಹ ವ್ಯಕ್ತಿತ್ವ ಕಾನೂನು ಕಟ್ಟಿಕೊಂಡ ಕಲ್ಪನೆ ಎಂದು ನ್ಯಾಯಶಾಸ್ತ್ರಜ್ಞ ಸಾವಿನ್ಯಿ ವಾದಿಸಿದರೆ, ಸಮೂಹಕ್ಕೆ ನಿಜವಾದ ಜೀವ ಮತ್ತು ಸಂಕಲ್ಪ ಇವೆ ಎಂದು ಇನ್ನೊಬ್ಬ ನ್ಯಾಯಶಾಸ್ತ್ರಜ್ಞ ಗೀರ್ಕೆ ಪ್ರತಿಪಾದಿಸಿದರು. ಅಮೆರಿಕದ ಮುಖ್ಯ ನ್ಯಾಯಮೂರ್ತಿ ಮಾರ್ಷಲ್ 1819ರಲ್ಲೇ ಕಾರ್ಪೊರೇಷನ್ ಎಂದರೆ ಕಣ್ಣಿಗೆ ಕಾಣದ, ಮುಟ್ಟಲಾಗದ, ಕಾನೂನಿನ ಚಿಂತನೆಯಲ್ಲಿ ಮಾತ್ರ ಇರುವ ಕೃತಕ ಜೀವಿ ಎಂದಿದ್ದರು. ಇಂಗ್ಲೆಂಡಿನ ನ್ಯಾಯಾಲಯಗಳು ತತ್ತ್ವವನ್ನು ಬದಿಗಿಟ್ಟು ವ್ಯವಹಾರ ನಡೆಸಿದವು. ಬೂಟು ತಯಾರಿಸುತ್ತಿದ್ದ ಸಾಲೊಮನ್ ತನ್ನ ಉದ್ಯಮವನ್ನು ಕಂಪನಿಯಾಗಿ ಪರಿವರ್ತಿಸಿದಾಗ ಒಟ್ಟು 20,007 ಷೇರುಗಳಲ್ಲಿ 20,001 ಅವನ ಬಳಿಯೇ ಇದ್ದವು, ಉಳಿದ ಆರು ಮನೆಯವರ ಹೆಸರಿನಲ್ಲಿದ್ದವು. ಆದರೂ ಕಂಪನಿ ಬೇರೆ, ಸಾಲೊಮನ್ ಬೇರೆ, ಕಂಪನಿಯ ಸಾಲಕ್ಕೆ ಅವನು ಹೊಣೆಯಲ್ಲ ಎಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1896ರಲ್ಲಿ ತೀರ್ಪಿತ್ತಿತು.

1935ರಲ್ಲಿ ಅಮೆರಿಕದ ಕಾನೂನು ಚಿಂತಕ ಫೆಲಿಕ್ಸ್ ಕೊಹೆನ್ ಇಂತಹ ಪರಿಕಲ್ಪನೆಗಳ ಬಳಕೆಯನ್ನೇ ಪ್ರಶ್ನಿಸಿದರು. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಕಂಪನಿಯೊಂದರ ಮೇಲೆ ನ್ಯೂಯಾರ್ಕಿನಲ್ಲಿ ದಾವೆ ಹೂಡಬಹುದೇ ಎಂಬ ಪ್ರಕರಣದಲ್ಲಿ ನ್ಯಾಯಾಲಯ, ಕಂಪನಿ ‘ಎಲ್ಲಿದೆ’ ಎಂದು ಹುಡುಕಲು ಹೊರಟಿತ್ತು. ದೂರದ ಕಂಪನಿಯನ್ನು ಸ್ಥಳೀಯ ನ್ಯಾಯಾಲಯಕ್ಕೆ ಎಳೆಯುವುದರಿಂದ ಯಾರಿಗೆ ಅನುಕೂಲ, ಯಾರಿಗೆ ಹೊರೆ ಎಂಬ ಲೋಕದ ಪ್ರಶ್ನೆಯನ್ನು ಬಿಟ್ಟು, ಇಲ್ಲದ ವಸ್ತುವಿನ ವಿಳಾಸ ಹುಡುಕಲಾಗುತ್ತಿದೆ ಎಂಬುದು ಕೊಹೆನ್ ಅವರ ಆಕ್ಷೇಪ. ಹದಿನೆಂಟು ವರ್ಷಗಳ ನಂತರ ಆಕ್ಸ್‌ಫರ್ಡಿನಲ್ಲಿ ಕಾನೂನು ತತ್ತ್ವಜ್ಞಾನಿ ಎಚ್.ಎಲ್.ಎ. ಹಾರ್ಟ್ ಇದಕ್ಕಿಂತ ಸಂಯಮದ ದಾರಿ ತೋರಿಸಿದರು. ಕಂಪನಿ ಎಂದರೇನು ಎಂದು ವ್ಯಾಖ್ಯಾನಿಸುವ ಬದಲು, ‘ಈ ಕಂಪನಿ ಇಂತಹವರಿಗೆ ಹಣ ಕೊಡಬೇಕು’ ಎಂಬ ಮಾತು ಯಾವ ನಿಯಮಗಳಡಿ ನಿಜವಾಗುತ್ತದೆ ಎಂದು ಕೇಳಿ ಎಂಬುದು ಅವರ ಸಲಹೆ. ನದಿಯ ವಿಷಯದಲ್ಲಿ ನಮಗೆ ಬೇಕಾಗಿದ್ದುದೂ ಇದೇ ಪ್ರಶ್ನೆ.

ಭಾರತದಲ್ಲಿ ಈ ಪರಿಕಲ್ಪನೆ ಮುಖ್ಯವಾಗಿ ದೇವಸ್ಥಾನದ ಆಸ್ತಿಯ ಮೂಲಕ ಬೆಳೆಯಿತು. ಕಲ್ಕತ್ತೆಯ ಮಲ್ಲಿಕ್ ಕುಟುಂಬದ ಸದಸ್ಯರು ಪೂಜೆಯ ಸರದಿಯನ್ನು ಹಂಚಿಕೊಂಡಿದ್ದರು. ತನ್ನ ಸರದಿ ಬಂದಾಗ ಕುಲದೇವರ ವಿಗ್ರಹವನ್ನು ತನ್ನ ಮನೆಗೆ ಕೊಂಡೊಯ್ಯುವ ಅಧಿಕಾರ ಒಬ್ಬ ಸದಸ್ಯನಿಗೆ ಇದೆಯೇ ಎಂಬುದು ವಿವಾದ. 1925ರಲ್ಲಿ, ಆಗ ಭಾರತದ ಮೊಕದ್ದಮೆಗಳಿಗೆ ಲಂಡನ್ನಿನಲ್ಲಿದ್ದ ಅಂತಿಮ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ವಿಗ್ರಹವನ್ನು ಕಾನೂನಾತ್ಮಕ ವ್ಯಕ್ತಿ ಎಂದು ಕರೆಯಿತು. ಅದು ಬರೀ ಆಸ್ತಿಯಲ್ಲ, ಅದರ ಸಂಕಲ್ಪಕ್ಕೂ ಗೌರವ ಸಲ್ಲಬೇಕು ಎಂದಿತು. ಅಷ್ಟಕ್ಕೇ ನಿಲ್ಲದೆ, ಕುಟುಂಬದ ಯಾರ ಪಕ್ಷಕ್ಕೂ ಸೇರದ ಒಬ್ಬ ಪ್ರತಿನಿಧಿಯ ಮೂಲಕ ವಿಗ್ರಹದ ಹಿತವನ್ನು ನ್ಯಾಯಾಲಯದ ಮುಂದಿಡಬೇಕೆಂದೂ ಹೇಳಿತು. ಈ ಎರಡನೆಯ ಭಾಗವೇ ನನಗೆ ಹೆಚ್ಚು ಮಹತ್ವದ್ದಾಗಿ ತೋರುತ್ತದೆ, ಏಕೆಂದರೆ ವ್ಯಕ್ತಿತ್ವದ ಜೊತೆಗೇ ಅದರ ಪರ ಮಾತನಾಡುವವರು ಯಾರು ಎಂಬುದನ್ನೂ ಅಲ್ಲಿ ಯೋಚಿಸಲಾಗಿತ್ತು.

ಮುಂದಿನ ತೀರ್ಪುಗಳು ಈ ಕಲ್ಪನೆಯನ್ನು ಹಿಗ್ಗಿಸಿದಷ್ಟೇ ಬಿಗಿಗೊಳಿಸಿದವು ಕೂಡ. ಲಾಹೋರಿನ ಶಹೀದ್‌ಗಂಜ್ ಮಸೀದಿ ಪ್ರಕರಣದಲ್ಲಿ 1940ರಲ್ಲಿ ಪ್ರಿವಿ ಕೌನ್ಸಿಲ್ ಮಸೀದಿಯ ಹೆಸರಿನಲ್ಲೇ ದಾವೆ ಹೂಡಲು ಒಪ್ಪಲಿಲ್ಲ. 1967ರಲ್ಲಿ ಸುಪ್ರೀಂ ಕೋರ್ಟ್, ವಿಗ್ರಹದ ಆಸ್ತಿ ನೋಡಿಕೊಳ್ಳುವವನೇ ಅದಕ್ಕೆ ವಿರುದ್ಧವಾಗಿ ನಡೆದಾಗ ಭಕ್ತನೊಬ್ಬ ಅದರ ಪರವಾಗಿ ದಾವೆ ಹೂಡಬಹುದು ಎಂದಿತು. 1969ರಲ್ಲಿ ದೇವರಿಗೆ ಆದಾಯ ತೆರಿಗೆ ವಿಧಿಸಬಹುದೇ ಎಂಬ ಪ್ರಶ್ನೆ ಬಂದಾಗ ವಿಧಿಸಬಹುದೆಂಬ ಉತ್ತರ ಸಿಕ್ಕಿತು. ಆ ತೀರ್ಪಿನಲ್ಲಿ ನ್ಯಾಯಾಲಯ ಅಲೌಕಿಕ ಶಕ್ತಿಯನ್ನು ಕಾನೂನಿನ ವ್ಯಕ್ತಿಯೆಂದು ಒಪ್ಪಲಿಲ್ಲ. ದಾನಿಯ ಧಾರ್ಮಿಕ ಉದ್ದೇಶದ ಪ್ರತಿನಿಧಿಯಾಗಿ ನಿಂತಾಗ ಮಾತ್ರ ದೇವತೆಗೆ ಆ ಸ್ಥಾನ ದೊರೆಯುತ್ತದೆ ಎಂದು ವಿವರಿಸಿತು. 2000ದಲ್ಲಿ ಗುರು ಗ್ರಂಥ ಸಾಹಿಬ್‌ಗೂ ಇದೇ ಸ್ಥಾನ ದೊರೆಯಿತು.

ಉತ್ತರಾಖಂಡ ಹೈಕೋರ್ಟ್ ಆಧಾರವಾಗಿ ತೆಗೆದುಕೊಂಡದ್ದು ಇದೇ ಪರಂಪರೆಯನ್ನು. ಮೂಲ ಅರ್ಜಿ ಡೆಹ್ರಾಡೂನಿನ ಕಾಲುವೆ ಜಾಗದ ಒತ್ತುವರಿಯ ಕುರಿತಾಗಿತ್ತು. ನದಿಗಳು ಸಾಯುತ್ತಿವೆ ಎಂಬ ನಿಜವಾದ ಕಳವಳ ಆದೇಶದ ಹಿಂದೆ ಇತ್ತು, ಅದನ್ನು ಅಲ್ಲಗಳೆಯಲಾಗದು. ಗಂಗೆಯನ್ನು ಶುದ್ಧಗೊಳಿಸುವ ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ರಾಜ್ಯದ ಮುಖ್ಯ ಕಾರ್ಯದರ್ಶಿ ಮತ್ತು ಅಡ್ವೊಕೇಟ್ ಜನರಲ್ ಅವರನ್ನು ನದಿಗಳ ಪೋಷಕರ ಸ್ಥಾನದಲ್ಲಿ ನಿಲ್ಲಿಸಲಾಯಿತು. ಆದರೆ ಅವರ ಕೈಗೆ ಪ್ರತ್ಯೇಕ ನಿಧಿಯಾಗಲಿ, ನೆರೆ ರಾಜ್ಯಗಳ ಮೇಲೆ ಅಧಿಕಾರವಾಗಲಿ ಬರಲಿಲ್ಲ. ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋದಾಗ ಎತ್ತಿದ ಪ್ರಶ್ನೆಗಳು ಸರಳವಾಗಿದ್ದವು. ಹಲವು ರಾಜ್ಯಗಳಲ್ಲಿ ಹರಿಯುವ ನದಿಗೆ ಒಂದು ರಾಜ್ಯದ ಅಧಿಕಾರಿಗಳು ಹೇಗೆ ಪೋಷಕರಾಗುತ್ತಾರೆ? ಪ್ರವಾಹದಲ್ಲಿ ಪ್ರಾಣ ಕಳೆದುಕೊಂಡವರ ಕುಟುಂಬ ನದಿಯ ಮೇಲೆ ದಾವೆ ಹೂಡಿದರೆ ಪರಿಹಾರ ಕೊಡುವವರು ಯಾರು?

2017ರ ಅದೇ ಮಾರ್ಚ್ ತಿಂಗಳಲ್ಲಿ ನ್ಯೂಜಿಲೆಂಡಿನಲ್ಲಿ ವಾಂಗನುಯಿ ನದಿಗೂ ವ್ಯಕ್ತಿಯ ಸ್ಥಾನ ದೊರೆಯಿತು. ಅಲ್ಲಿ ಅದು ಮಾವೊರಿ ಜನರ ದೀರ್ಘ ಹೋರಾಟದ ನಂತರದ ಒಪ್ಪಂದದಿಂದ, ಸಂಸತ್ತಿನ ಕಾಯ್ದೆಯ ಮೂಲಕ ಬಂತು. ಸರ್ಕಾರದಿಂದ ಒಬ್ಬರು, ನದಿಯ ಜನರಿಂದ ಒಬ್ಬರು ಹೀಗೆ ಇಬ್ಬರು ಪ್ರತಿನಿಧಿಗಳು, 3 ಕೋಟಿ ನ್ಯೂಜಿಲೆಂಡ್ ಡಾಲರ್‌ಗಳ ನಿಧಿ, ಯಾರ ಹಕ್ಕು ಎಲ್ಲಿಯವರೆಗೆ ಎಂಬ ವಿವರ, ಎಲ್ಲವೂ ಆ ಕಾಯ್ದೆಯಲ್ಲೇ ಇವೆ. ಎರಡೂ ಕಡೆ ಬಳಸಿದ ಪರಿಕಲ್ಪನೆ ಒಂದೇ, ಅದರ ಕೆಳಗಿನ ಏರ್ಪಾಡು ಮಾತ್ರ ಬೇರೆ ಬೇರೆ.

ನಮ್ಮ ಸುಪ್ರೀಂ ಕೋರ್ಟ್ ನಂತರದ ವರ್ಷಗಳಲ್ಲಿ ಹೆಚ್ಚು ಎಚ್ಚರ ವಹಿಸಿತು. 2018ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡ್, ದೇವತೆ ಕಾನೂನಾತ್ಮಕ ವ್ಯಕ್ತಿಯಾದ ಮಾತ್ರಕ್ಕೆ ಮೂಲಭೂತ ಹಕ್ಕುಗಳು ತಾವಾಗಿ ಬರುವುದಿಲ್ಲ ಎಂದು ಬರೆದರು. 2019ರ ಅಯೋಧ್ಯೆ ತೀರ್ಪು ರಾಮಲಲ್ಲಾನ ವ್ಯಕ್ತಿತ್ವವನ್ನು ಒಪ್ಪಿತು, ಜನ್ಮಸ್ಥಾನದ ಭೂಮಿಗೆ ಆ ಸ್ಥಾನವನ್ನು ನಿರಾಕರಿಸಿತು. ಭೂಮಿಯೇ ವ್ಯಕ್ತಿಯಾದರೆ ಅದರ ಮೇಲೆ ಬೇರೆಯವರ ಹಕ್ಕನ್ನು ವಿಚಾರಿಸುವ ದಾರಿಯೇ ಮುಚ್ಚಿಹೋಗುತ್ತದೆ ಎಂಬುದು ನ್ಯಾಯಾಲಯ ಕೊಟ್ಟ ಕಾರಣ.

ಕರ್ನಾಟಕದ ಕಂಬಳಕ್ಕೂ ಈ ಚರ್ಚೆ ತಲುಪಿದೆ. 2014ರ ಜಲ್ಲಿಕಟ್ಟು ತೀರ್ಪು ಪ್ರಾಣಿಗಳ ಘನತೆಯ ಬಗ್ಗೆ ವಿಶಾಲವಾಗಿ ಮಾತನಾಡಿತ್ತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಜಲ್ಲಿಕಟ್ಟು, ಕಂಬಳ ಮತ್ತು ಮಹಾರಾಷ್ಟ್ರದ ಎತ್ತಿನಗಾಡಿ ಓಟಕ್ಕೆ ಅವಕಾಶ ಕೊಡಲು ರಾಜ್ಯಗಳು ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಂದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಯಾವುದೇ ಪ್ರಾಣಿ ‘ವ್ಯಕ್ತಿ’ಯಾಗಿ ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೆಯ ವಿಧಿಯ ಮೊರೆಹೋಗಬಹುದು ಎಂಬುದನ್ನು ಅದು ಒಪ್ಪಲಿಲ್ಲ. ಕೋಣಗಳಿಗೆ ಈ ತೀರ್ಪಿನಿಂದ ಎಷ್ಟು ರಕ್ಷಣೆ ಸಿಗುತ್ತದೆ ಎಂಬ ಬಗ್ಗೆ ನನಗೆ ಆತಂಕವಿದೆ. ಆದರೂ ನದಿಯ ಆದೇಶದಲ್ಲಿ ಅಸ್ಪಷ್ಟವಾಗಿ ಉಳಿದಿದ್ದ ಹೊಣೆಯನ್ನು ಇದು ಬರವಣಿಗೆಯಲ್ಲಿ ಇರಿಸಿದೆ: ಕಾಯ್ದೆಯ ಷರತ್ತುಗಳು ಕಟ್ಟುನಿಟ್ಟಾಗಿ ಪಾಲನೆಯಾಗುವಂತೆ ನೋಡಿಕೊಳ್ಳುವುದು ಆಯಾ ಜಿಲ್ಲಾ ದಂಡಾಧಿಕಾರಿ ಅಥವಾ ಸಕ್ಷಮ ಪ್ರಾಧಿಕಾರದ ಜವಾಬ್ದಾರಿ ಎಂದು ಪೀಠ ನಿರ್ದೇಶಿಸಿದೆ.