ಕೊಟ್ಟವನಿಗೆ ಸ್ವರ್ಗ, ಕಾಯ್ದವನಿಗೆ ಅದಕ್ಕೂ ಮೇಲಿನ ನೆಲೆ

ದಾನಶಾಸನಗಳಲ್ಲಿ ಸ್ವರ್ಗ ನರಕಗಳ ಮಾತು ಬರುವುದು ಕಟ್ಟಕಡೆಗೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು. ಕೆಳಗೆ ಅರಸನ ಬಿರುದುಗಳು, ಶಕವರ್ಷ, ತಿಥಿ, ಬಿಟ್ಟುಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆ. ಇಷ್ಟೆಲ್ಲ ಮುಗಿದ ಮೇಲೆ ಉಳಿದ ನಾಲ್ಕಾರು ಸಾಲುಗಳಲ್ಲಿ ಯಾರಿಗೆ ಸ್ವರ್ಗ, ಯಾರಿಗೆ ನರಕ ಎಂಬ ತೀರ್ಪು. ಬಾಗಲಕೋಟೆ, ವಿಜಯಪುರ ಸೀಮೆಯ ಹೊಲಗಳಲ್ಲಿ, ಊರ ಅಗಸಿಯ ಬಳಿ ನಿಂತ ಎಷ್ಟೋ ಕಲ್ಲುಗಳಲ್ಲಿ ಈ ಭಾಗವೇ ಎರೆಮಣ್ಣಿನಲ್ಲಿ ಹೂತಿರುತ್ತದೆ. ಮಣ್ಣು ತೆಗೆದು, ನೀರು ಹಾಕಿ ನಾರಿನ ಬ್ರಷ್ಷಿನಿಂದ ತಿಕ್ಕಿ, ಒದ್ದೆ ಕಾಗದ ಹೊದಿಸಿ, ಹದವಾಗಿ ಬಡಿದು ಕಾಗದವನ್ನು ಅಕ್ಷರದ ಗುಳಿಗೆ ಇಳಿಸಿ, ಬಟ್ಟೆಯ ಉಂಡೆಯಿಂದ ಮಸಿ ತಟ್ಟಿದಾಗ ಕಪ್ಪಿನ ನಡುವೆ ಬಿಳಿಯ ಅಕ್ಷರಗಳು ಏಳುತ್ತವೆ. ಇದಕ್ಕೆ ಪಡಿಯಚ್ಚು ಎನ್ನುತ್ತೇವೆ. ಅಷ್ಟು ಹೊತ್ತಿಗೆ ಸುತ್ತಲೂ ಜನ ನೆರೆದಿರುತ್ತಾರೆ. ಯಾವ ಊರಿಗೆ ಹೋದರೂ ಮೊದಲ ಪ್ರಶ್ನೆ ಒಂದೇ: "ನಿಧಿ ಎಲ್ಲಿದೆ ಎಂದು ಬರೆದಿದೆಯೇನು, ಸರ್?"

ನಿಧಿಯ ಗುರುತು ಯಾವ ಕಲ್ಲಿನಲ್ಲೂ ನನಗೆ ಸಿಕ್ಕಿಲ್ಲ. ಹಾಗೆ ನಂಬಿ ಕಲ್ಲನ್ನು ಕಿತ್ತು ಒಡೆದವರಿಗೂ ಏನೂ ಸಿಕ್ಕಿಲ್ಲ. ಸ್ವರ್ಗಕ್ಕೆ ಯಾರು ಹೋಗುತ್ತಾರೆ ಎಂಬ ಮಾತಾದರೋ ಸಾಲುಸಾಲಾಗಿ ಸಿಗುತ್ತದೆ. ಬೆಳಗಾವಿಯ ಮೆಥೊಡಿಸ್ಟ್ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಕುಟುಂಬದ ವಿದ್ಯಾರ್ಥಿನಿಯೊಬ್ಬಳು ಇಂಥ ಸಾಲುಗಳ ಪಾಠ ಮುಗಿದಾಗ ಎದ್ದು ನಿಂತು ಕೇಳಿದಳು: "ಸರ್, ನಂಬಿಕೆಯಿಂದಲೇ ರಕ್ಷಣೆ ಎಂದು ನಮ್ಮ ಚರ್ಚಿನಲ್ಲಿ ಹೇಳುತ್ತಾರೆ. ಈ ಕಲ್ಲುಗಳು ಕೊಟ್ಟವನಿಗೆ ಸ್ವರ್ಗ ಎನ್ನುತ್ತವೆ. ಅವನು ಏನನ್ನು ನಂಬಿದ್ದ ಎಂದು ಒಂದು ಕಲ್ಲೂ ಕೇಳುವುದಿಲ್ಲವಲ್ಲ?" ತರಗತಿಯ ಗಂಟೆ ಹೊಡೆಯುವುದರೊಳಗೆ ಮುಗಿಯುವ ಪ್ರಶ್ನೆ ಇದಲ್ಲ. ಅವಳಿಗೆ ಕೊಡಬೇಕಾದ ಉತ್ತರವನ್ನು ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಬಾದಾಮಿಯ ಮೂರನೆಯ ಗುಹೆಯಿಂದ ತೊಡಗುವುದು ಒಳ್ಳೆಯದು. ಶಕ 500ರ ಕಾರ್ತಿಕ ಹುಣ್ಣಿಮೆಯಂದು, ಎಂದರೆ ಕ್ರಿ.ಶ. 578ರಲ್ಲಿ, ಚಾಲುಕ್ಯ ಮಂಗಳೇಶ ಆ ಗುಹೆಯಲ್ಲಿ ವಿಷ್ಣುವನ್ನು ಪ್ರತಿಷ್ಠಾಪಿಸಿ ಒಂದು ಹಳ್ಳಿಯನ್ನು ದತ್ತಿ ಬಿಟ್ಟ. ನಾರಾಯಣಬಲಿಗೆ, ದಿನವೂ ಹದಿನಾರು ಬ್ರಾಹ್ಮಣರ ಊಟಕ್ಕೆ, ಮಿಕ್ಕದ್ದು ಪರಿವ್ರಾಜಕರ, ಎಂದರೆ ಊರೂರು ಅಲೆಯುವ ಸನ್ಯಾಸಿಗಳ ಅನ್ನಕ್ಕೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಮಾತು. ಸೂರ್ಯ, ಅಗ್ನಿ ಮತ್ತು ನೆರೆದ ಜನರ ಎದುರಿನಲ್ಲಿ ನೀರೆರೆದು, ಈ ಕೆಲಸದ ಪುಣ್ಯವೆಲ್ಲ ಅಣ್ಣ ಕೀರ್ತಿವರ್ಮನಿಗೆ ಸೇರಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ನನಗಿರಲಿ ಎಂದು ಮಂಗಳೇಶ ಬರೆಸುತ್ತಾನೆ. ಪುಣ್ಯ ಗಳಿಸಬಹುದು, ಗಳಿಸಿದ್ದನ್ನು ಭೂಮಿಯಂತೆಯೇ ನೀರೆರೆದು ಇನ್ನೊಬ್ಬನಿಗೆ ಒಪ್ಪಿಸಲೂಬಹುದು. ಕರ್ಮದ ಲೆಕ್ಕ ಅವರವರಿಗೆ ಎಂದು ನಾವು ಕೇಳಿಕೊಂಡು ಬಂದ ಮಾತಿಗೆ ಇದು ನೇರವಾಗಿ ಹೊಂದುವುದಿಲ್ಲ. ಆದರೂ ಇಂದಿಗೂ ತೀರಿಹೋದ ತಾಯಿಯ ಹೆಸರಿನಲ್ಲಿ ಅನ್ನ ಹಾಕುವವರು ಮಾಡುತ್ತಿರುವುದು ಇದನ್ನೇ.

ಅದರ ಸನಿಹದಲ್ಲೇ ಮಂಗಳೇಶನದೇ ಒಂದು ಚಿಕ್ಕ ಕನ್ನಡ ಶಾಸನವಿದೆ. ನಮ್ಮ ಭಾಷೆಯ ಅತಿ ಹಳೆಯ ಬರಹಗಳ ಸಾಲಿಗೆ ಸೇರುವಂಥದ್ದು. ಗುಹೆಯನ್ನು ಅದು 'ಕಲ್ಮನೆ' ಎಂದು ಕರೆಯುತ್ತದೆ. ದೇವರಿಗೆ ಹೂವು ಒದಗಿಸುವ ಮಾಲೆಗಾರರಿಗೂ ಅದರಲ್ಲಿ ಪಾಲಿದೆ. ಈ ದತ್ತಿಯನ್ನು ಅಳಿದವನು ಪಂಚಮಹಾಪಾತಕಿಯಾಗುತ್ತಾನೆ, ಏಳನೆಯ ನರಕದ ಹುಳುವಾಗುತ್ತಾನೆ ಎಂದು ಶಾಸನ ಮುಗಿಯುತ್ತದೆ. ಹೂವು ಕಟ್ಟುವವನ ಪಾಲು ಕಸಿದುಕೊಂಡವನಿಗೆ ಏಳನೆಯ ನರಕ! ಅವನು ಶೈವನೋ ವೈಷ್ಣವನೋ ಜೈನನೋ ಎಂಬ ವಿಚಾರಣೆ ಇಲ್ಲ.

ನಂತರದ ಶತಮಾನಗಳಲ್ಲಿ ಈ ಮಾತು ಒಂದು ವರಸೆಯಾಗಿ ನಿಂತಿತು. ಧರ್ಮವನ್ನು ಪಾಲಿಸಿದವರಿಗೆ ವಾರಣಾಸಿ, ಕುರುಕ್ಷೇತ್ರಗಳಲ್ಲಿ ಸಾವಿರ ಕವಿಲೆಯ (ಕಂದು ಬಣ್ಣದ ಆಕಳ) ಕೋಡು, ಗೊರಸುಗಳಿಗೆ ಹೊನ್ನು ಕಟ್ಟಿಸಿ ದಾನ ಕೊಟ್ಟ ಫಲ, ಅಳಿದವರಿಗೆ ಅಷ್ಟೇ ಕವಿಲೆಗಳನ್ನು ಕೊಂದ ಪಾಪ. ಸಂಸ್ಕೃತದಲ್ಲಿ ಇನ್ನೊಂದು ಶ್ಲೋಕ: ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಇವು ಎಲ್ಲೆಲ್ಲೂ ಇರುವುದರಿಂದ ಓದುವವರು ಸಾಮಾನ್ಯವಾಗಿ ಮುಂದಕ್ಕೆ ಹೋಗಿಬಿಡುತ್ತಾರೆ. ಈ ಶಾಪದ ಮಾತುಗಳನ್ನು 'ಶಾಪಾಶಯ, ಎಂದಿನಂತೆ' ಎಂದು ಒಂದು ಸಾಲಿನಲ್ಲಿ ಮುಗಿಸುವ ಸಂಪಾದಕರೂ ಉಂಟು. ನನಗೆ ಇದು ಒಪ್ಪಿಗೆಯಿಲ್ಲ. ಸಾವಿರ ವರ್ಷ ಒಂದು ನಾಡು ಅದೇ ಮಾತನ್ನು ಕಲ್ಲಿನಲ್ಲಿ ಕೊರೆಸುತ್ತ ಬಂದಿದೆ ಎಂದರೆ ಅದರ ನಿಜವಾದ ಕಾಳಜಿ ಅಲ್ಲಿಯೇ ಇದೆ.

ಆ ಶ್ಲೋಕಗಳಲ್ಲಿ ಒಂದನ್ನು ಪೂರ್ತಿಯಾಗಿ ಬರೆಯುತ್ತೇನೆ:

ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋಽನುಪಾಲನಮ್ ।
ದಾನಾತ್ ಸ್ವರ್ಗಮವಾಪ್ನೋತಿ ಪಾಲನಾದಚ್ಯುತಂ ಪದಮ್ ॥

ಕೊಡುವುದು, ಕೊಟ್ಟದ್ದನ್ನು ಕಾಯುವುದು, ಈ ಎರಡರಲ್ಲಿ ಕಾಯುವುದೇ ಮೇಲು. ಕೊಟ್ಟವನು ಸ್ವರ್ಗಕ್ಕೆ ಹೋಗುತ್ತಾನೆ, ಕಾಯ್ದವನು ಜಾರಿ ಬೀಳುವ ಭಯವೇ ಇಲ್ಲದ ನೆಲೆಗೆ ಸೇರುತ್ತಾನೆ. ಇದರ ಜೊತೆಗೇ ಬರುವ ಇನ್ನೊಂದು ಶ್ಲೋಕ ಲೆಕ್ಕವನ್ನೂ ಹೇಳುತ್ತದೆ: ಪರರ ದತ್ತಿಯನ್ನು ಕಾಯುವುದರ ಪುಣ್ಯ ತಾನು ಕೊಟ್ಟ ದತ್ತಿಗಿಂತ ಎರಡು ಪಟ್ಟು, ಪರರ ದತ್ತಿಯನ್ನು ಕಸಿದವನಿಗೆ ತಾನು ಕೊಟ್ಟದ್ದೂ ನಿಷ್ಫಲ. ಬರೆಸುತ್ತಿರುವವನು ಸ್ವತಃ ಕೊಟ್ಟವನು ಎಂಬುದನ್ನು ನೆನಪಿಡಬೇಕು. ತನ್ನ ಹೆಸರು, ಬಿರುದುಗಳನ್ನೆಲ್ಲ ಮೇಲೆ ಕೊರೆಸಿ, ಕೊನೆಯಲ್ಲಿ ತನಗಿಂತ ದೊಡ್ಡವನು ಇನ್ನೂ ಹುಟ್ಟಬೇಕಾದ ಯಾರೋ ಒಬ್ಬ ಎಂದು ಒಪ್ಪಿಕೊಳ್ಳುತ್ತಾನೆ. ಕೆಲವು ಶಾಸನಗಳು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತವೆ. ನನ್ನ ವಂಶದವರಾಗಲಿ, ಬೇರೆ ಅರಸರ ವಂಶದವರಾಗಲಿ, ಈ ಧರ್ಮವನ್ನು ಕಾಯುವ ಮುಂದಿನ ದೊರೆಗಳಿಗೆ ನನ್ನ ತಲೆಯ ಮೇಲೆ ಕೈ ಜೋಡಿಸಿದ್ದೇನೆ ಎನ್ನುತ್ತಾನೆ ಅರಸ. ಬೇರೆ ವಂಶ ಎಂದರೆ ತನ್ನನ್ನು ಸೋಲಿಸಿ ನಾಡನ್ನು ಕಿತ್ತುಕೊಂಡ ವೈರಿಯೂ ಆಗಬಹುದು. ಅವನಿಗೂ ಈ ಅಂಜಲಿ ಸಲ್ಲುತ್ತದೆ, ಅವನ ದೇವರು ಯಾರಾದರೂ ಆಗಿರಲಿ.

ವೀರಗಲ್ಲುಗಳೂ ಇದೇ ಜಾಡಿನವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ದೇವರ ಸನ್ನಿಧಿ. ತುರುಗಳನ್ನು ಬಿಡಿಸಿಕೊಳ್ಳಲು, ಹೆಣ್ಣುಮಕ್ಕಳ ಮಾನ ಉಳಿಸಲು, ಊರನ್ನು ಕಾಪಾಡಲು ಸತ್ತವನು ನೇರವಾಗಿ ಮೇಲಿನ ಪಟ್ಟಿಕೆಗೆ ಏರುತ್ತಾನೆ.

ಹಾಗಾದರೆ ನಂಬಿಕೆಗೆ ಕಲ್ಲಿನಲ್ಲಿ ಜಾಗವೇ ಇಲ್ಲವೇ? ಇದೆ, ಆದರೆ ನಾವು ಹುಡುಕುವ ಜಾಗದಲ್ಲಿಲ್ಲ. ದಖ್ಖನಿನ ಸುಲ್ತಾನರ ಕಾಲದ ಕೆಲವು ದಾನಪತ್ರಗಳ ಕೊನೆ ಹೀಗಿರುತ್ತದೆ: ಇದನ್ನು ಹಿಂದೂ ಮುರಿದರೆ ಅವನಿಗೆ ಗೋವಿನ ಆಣೆ, ಮುಸಲ್ಮಾನ ಮುರಿದರೆ ಅವನಿಗೆ ಹಂದಿಯ ಆಣೆ. ಮೊದಲು ಕೇಳುವಾಗ ಒರಟು ಮಾತು. ಯೋಚಿಸುತ್ತ ಹೋದರೆ ಇದರ ಹಿಂದೆ ಬಲು ಪಕ್ವವಾದ ತಿಳಿವಳಿಕೆ ಕಾಣುತ್ತದೆ. ಇಬ್ಬರ ನಂಬಿಕೆಯೂ ಬೇರೆ, ಅದನ್ನು ಒಂದಾಗಿಸಲು ಬರೆದವನು ಹೊರಡುವುದಿಲ್ಲ. ಆದರೆ ಇಬ್ಬರೂ ಮಾಡಬಾರದ ಕೆಲಸ ಒಂದೇ. ಅದನ್ನು ಮಾಡದಂತೆ ಪ್ರತಿಯೊಬ್ಬನನ್ನೂ ಅವನವನ ನಂಬಿಕೆಯಿಂದಲೇ ಕಟ್ಟಿಹಾಕುತ್ತಾನೆ. ಒಳಗೆ ನಂಬಿಕೆಯೇ ಇಲ್ಲದವನನ್ನು ಯಾವ ಆಣೆಯೂ ತಡೆಯದು ಎಂಬುದು ಅವನಿಗೆ ಗೊತ್ತಿತ್ತು.

ಇನ್ನು ಎದುರುಪಕ್ಷದ ಮಾತು. ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ಅದನ್ನು ಆಡಿದವರು ಇದೇ ಸೀಮೆಯವರು. ಭೂಮಿ ಇದ್ದವನಿಗೆ ಭೂದಾನ ಸಾಧ್ಯ. ಹೊನ್ನು ಇದ್ದವನಿಗೆ ಕವಿಲೆಯ ಕೋಡಿಗೆ ಹೊನ್ನು ಕಟ್ಟಿಸುವುದು ಸಾಧ್ಯ. ಏನೂ ಇಲ್ಲದವನ ಗತಿಯೇನು? ಉಳ್ಳವರು ಶಿವಾಲಯ ಮಾಡುತ್ತಾರೆ, ಬಡವ ನಾನೇನು ಮಾಡಲಿ ಎಂದು ಬಸವಣ್ಣನವರು ಕೇಳಿದ್ದು ಇದನ್ನೇ. ದೇಹವನ್ನೇ ದೇಗುಲ ಮಾಡಿಕೊಂಡವನಿಗೆ ಶಾಸನದ ಸ್ವರ್ಗದ ಹಂಗಿಲ್ಲ. ಅಲ್ಲಿಗೂ ನಿಲ್ಲದೆ ಅವರು ಸ್ವರ್ಗವನ್ನೇ ಇಲ್ಲಿಗೆ ಇಳಿಸಿದರು: 'ಆಚಾರವೇ ಸ್ವರ್ಗ, ಅನಾಚಾರವೇ ನರಕ.' ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ, ಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿ. ಬಸವಣ್ಣನವರ ಹೆಸರನ್ನು ಹೇಳುವ 1260ರ ಅರ್ಜುನವಾಡದ ಶಾಸನ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನದು. ಅದೂ ದಾನಶಾಸನವೇ.

ಕೊಟ್ಟು ಗಳಿಸಿದ ಸ್ವರ್ಗ ತೀರಿಹೋಗುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಪುಣ್ಯ ಕ್ಷೀಣಿಸಿದಾಗ ಮತ್ತೆ ಮರ್ತ್ಯಕ್ಕೆ ಇಳಿಯಬೇಕು ಎಂದು ಗೀತೆಯ ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಬೆಳಗಾವಿಯ ಯಾವ ಜೈನ ಶ್ರಾವಕರನ್ನು ಕೇಳಿದರೂ ಸ್ವರ್ಗ ಒಂದು ಗತಿ ಮಾತ್ರ, ಮೋಕ್ಷಕ್ಕೆ ಸಮ್ಯಕ್ ದರ್ಶನ, ಜ್ಞಾನ, ಚಾರಿತ್ರ ಮೂರೂ ಕೂಡಬೇಕು ಎನ್ನುತ್ತಾರೆ. ಅಲ್ಲಿ ದರ್ಶನ, ಎಂದರೆ ನಂಬಿಕೆ, ಮೊದಲನೆಯದು, ಚಾರಿತ್ರ, ಎಂದರೆ ನಡತೆ, ಮೂರನೆಯದು, ಒಂದನ್ನು ಬಿಟ್ಟು ಇನ್ನೊಂದಿಲ್ಲ.

ವಿದ್ಯಾರ್ಥಿನಿಯ ಚರ್ಚಿನ ಮಾತಿಗೆ ಬರೋಣ. ಮನುಷ್ಯ ನೀತಿವಂತನೆನಿಸುವುದು ಧರ್ಮಶಾಸ್ತ್ರದ ಕರ್ಮಗಳಿಂದಲ್ಲ, ನಂಬಿಕೆಯಿಂದ ಎಂದು ಪೌಲನು ರೋಮಾಪುರದವರಿಗೆ ಬರೆದ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು, ದೆವ್ವಗಳು ಕೂಡ ದೇವರಿದ್ದಾನೆಂದು ನಂಬಿ ನಡುಗುತ್ತವೆ ಎಂದು ಯಾಕೋಬನ ಪತ್ರಿಕೆ ಹೇಳುತ್ತದೆ. ಎರಡೂ ಒಂದೇ ಬೈಬಲಿನಲ್ಲಿವೆ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಪ್ರಾಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ರೋಮಾಪುರದ ಪತ್ರಿಕೆಯ ಆ ವಾಕ್ಯಕ್ಕೆ 'ಮಾತ್ರ' ಎಂಬುದನ್ನು ಸೇರಿಸಿದ, ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದ. ಆದರೆ ಅವನ ಸಿಟ್ಟು ಹುಟ್ಟಿದ್ದು ಎಲ್ಲಿಂದ ಎಂದು ನೋಡಬೇಕು. ಹಣ ತೆತ್ತರೆ ಪಾಪದ ಶಿಕ್ಷೆಗೆ ಕ್ಷಮಾಪತ್ರ ಸಿಗುತ್ತದೆ ಎಂಬ ಮಾರಾಟದಿಂದ. ಅದರ ವಿರುದ್ಧ 1517ರಲ್ಲಿ ಅವನು ಬರೆದ 95 ವಾದಗಳಲ್ಲಿ ನಲವತ್ತಮೂರನೆಯದು ಹೀಗಿದೆ: ಬಡವನಿಗೆ ಕೊಡುವವನು, ಕಷ್ಟದಲ್ಲಿರುವವನಿಗೆ ಸಾಲ ಕೊಡುವವನು ಕ್ಷಮಾಪತ್ರ ಕೊಳ್ಳುವವನಿಗಿಂತ ಒಳ್ಳೆಯ ಕೆಲಸ ಮಾಡುತ್ತಾನೆ. ನಂಬಿಕೆಯೇ ಸಾಕು ಎಂದವನ ಮಾತಿದು!

ರೋಮಿನ ಕಡೆಯವರು, ಎಂದರೆ ಕ್ಯಾಥೊಲಿಕರು, 1547ರಲ್ಲಿ ಟ್ರೆಂಟ್ ಊರಿನ ಧರ್ಮಸಭೆಯಲ್ಲಿ ಉತ್ತರ ಕೊಟ್ಟರು, ಬಿರುಕು ಗಟ್ಟಿಯಾಯಿತು. ನಾಲ್ಕೂವರೆ ಶತಮಾನ ಕಳೆದ ಮೇಲೆ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ, ಆ ಕೃಪೆಯೇ ನಮ್ಮನ್ನು ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ. 2006ರಲ್ಲಿ ವಿಶ್ವ ಮೆಥೊಡಿಸ್ಟ್ ಪರಿಷತ್ತೂ ಇದಕ್ಕೆ ಸೇರಿತು. ಎಂದರೆ ಆ ವಿದ್ಯಾರ್ಥಿನಿಯ ಸಭೆ ಕೂಡ 'ನಂಬಿದರೆ ಸಾಕು, ಹೇಗಾದರೂ ಬಾಳು' ಎಂದು ಹೇಳುತ್ತಿಲ್ಲ.

ಇಸ್ಲಾಮಿನಲ್ಲಿ ಈಮಾನ್ (ನಂಬಿಕೆ) ಮತ್ತು ಅಮಲ್ (ಕರ್ಮ) ಜೋಡಿಯಾಗಿಯೇ ಬರುತ್ತವೆ. 'ನಂಬಿದವರು ಮತ್ತು ಸತ್ಕರ್ಮ ಮಾಡಿದವರು' ಎಂಬ ಮಾತು ಕುರ್‌ಆನಿನಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಅದರ ಜೊತೆಗೆ ಪ್ರವಾದಿಯವರ ಒಂದು ವಚನವೂ ಇದೆ: ಯಾರನ್ನೂ ಅವರ ಕರ್ಮವೊಂದೇ ಸ್ವರ್ಗಕ್ಕೆ ಸೇರಿಸದು, ಅಲ್ಲಾಹನ ಕರುಣೆ ಆವರಿಸದಿದ್ದರೆ ನನ್ನನ್ನೂ ಸೇರಿಸದು. ಮನುಷ್ಯ ಸತ್ತ ಮೇಲೂ ಪುಣ್ಯ ಬರುತ್ತಲೇ ಇರುವ ಕೆಲಸಗಳಲ್ಲಿ ಸದಕಾ ಜಾರಿಯಾ, ಎಂದರೆ ನಿಲ್ಲದೆ ನಡೆಯುವ ದಾನ, ಒಂದು. ಬಾವಿ ತೋಡಿಸುವುದನ್ನು ಅದಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಬಾವಿಯಲ್ಲಿ ನೀರಿರುವವರೆಗೆ ತೋಡಿಸಿದವನಿಗೆ ಪುಣ್ಯ. ಹಾಗಿದ್ದರೆ ಹೂಳು ತೆಗೆಸಿದವನಿಗೆ? ವಿಜಯಪುರದ ತಾಜ್ ಬಾವಡಿ ಇಬ್ರಾಹಿಂ ಆದಿಲ್ ಶಾಹ ಎರಡನೆಯವನ ಕಾಲದ್ದು. ಕಸ, ಹೂಳು ತುಂಬಿ ಹಾಳಾಗಿದ್ದ ಅದನ್ನು ಕೆಲವು ವರ್ಷಗಳ ಹಿಂದೆ ಶುಚಿಗೊಳಿಸಿದರು. ಕಟ್ಟಿಸಿದವರ ಹೆಸರು ಇತಿಹಾಸದಲ್ಲಿದೆ. ಬುಟ್ಟಿಯಲ್ಲಿ ಕೆಸರು ಹೊತ್ತವರ ಹೆಸರು ಎಲ್ಲೂ ಇಲ್ಲ.

ನನ್ನ ಉತ್ತರ ಇಲ್ಲಿದೆ. ನಂಬಿಕೆಯ ಪಕ್ಷದವರು ಒಳ್ಳೆಯ ಕೆಲಸವನ್ನು ಎಂದೂ ವಿರೋಧಿಸಿಲ್ಲ. ಅವರು ವಿರೋಧಿಸಿದ್ದು ಇಷ್ಟು ಕೊಟ್ಟೆ, ಇಷ್ಟು ಬರಬೇಕು ಎಂಬ ವ್ಯಾಪಾರವನ್ನು. ದಾನಶಾಸನಗಳಲ್ಲಿ ಆ ವ್ಯಾಪಾರದ ವಾಸನೆ ಇದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಶಾಸನಗಳು ಕಾಯುವವನನ್ನು ಕೊಟ್ಟವನಿಗಿಂತ ಮೇಲಿಟ್ಟು ಆ ವ್ಯಾಪಾರವನ್ನು ತಾವೇ ದಾಟುತ್ತವೆ. ಕಾಯುವವನು ಏನನ್ನೂ ಕೊಳ್ಳುತ್ತಿಲ್ಲ. ಪಕ್ಕದ ದತ್ತಿಯ ಹೊಲದೊಳಕ್ಕೆ ನೇಗಿಲು ಸರಿಸದೆ ಬಿಟ್ಟ ರೈತ, ಮಾಲೆಗಾರನ ಪಾಲನ್ನು ಮುಟ್ಟದ ಊರ ಗೌಡ, ಇವರು ಮಾಡಿದ್ದು ಮಾಡದೇ ಬಿಟ್ಟದ್ದು. ಯಾವ ಕಲ್ಲೂ ಅವರ ಹೆಸರು ಹೇಳುವುದಿಲ್ಲ. ಭೂಮಿ ಇಲ್ಲದವನಿಗೂ ಈ ಪುಣ್ಯಕ್ಕೆ ಬಾಗಿಲು ತೆರೆದೇ ಇದೆ. ಎದುರಿಗಿದ್ದವರು ಯಾರೂ ನೋಡದಿದ್ದರೂ ಕೈ ಚಾಚದೆ ಉಳಿಯಲು ಅವರಿಗೆ ಏನೋ ಒಂದು ನಂಬಿಕೆ ಬೇಕಾಗಿಯೇ ಇತ್ತು. ಅದು ಯಾವುದು ಎಂದು ವಿಚಾರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಕಲ್ಲು ಬರೆಸಿದವರಿಗೂ ಕಂಡಿರಲಿಲ್ಲ.

ದತ್ತಿಯ ಕೆರೆಗಳು ಒತ್ತುವರಿಯಾಗುತ್ತಿವೆ, ಶಾಸನದ ಕಲ್ಲುಗಳು ಬಟ್ಟೆ ಒಗೆಯಲು, ಮನೆಯ ಪಾಯಕ್ಕೆ ಬಳಕೆಯಾಗುತ್ತಿವೆ. ಅಪರೂಪದ ಕಲ್ಲೊಂದು ಗೋಡೆಯಲ್ಲಿ ತಲೆಕೆಳಗಾಗಿ ಕೂತಿರುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಿಮ್ಮ ಹೊಲದಲ್ಲಿಯೋ ಊರ ಬದಿಯಲ್ಲಿಯೋ ಬರಹವಿರುವ ಕಲ್ಲು ಇದ್ದರೆ ಅದಕ್ಕೆ ಸುಣ್ಣ ಬಳಿಯಬೇಡಿ, ಎಣ್ಣೆಬಣ್ಣ ಹಚ್ಚಬೇಡಿ. ಅಕ್ಷರ ಎದ್ದು ಕಾಣಲೆಂದು ಉಳಿಯಿಂದ ಕೆತ್ತುವುದಂತೂ ಬೇಡವೇ ಬೇಡ. ಫೋಟೊ ತೆಗೆದು ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೋ ರಾಜ್ಯದ ಪುರಾತತ್ವ ಇಲಾಖೆಗೋ ತಿಳಿಸಿ. ಗೌರವದಿಂದಲೇ ಆದರೂ ಗುಡಿಯ ಮುಂದಕ್ಕೆ ತಂದು ನಿಲ್ಲಿಸುವುದಕ್ಕಿಂತ ಇದ್ದಲ್ಲಿಯೇ ಬಿಡುವುದು ಲೇಸು. ಶಾಸನ ಹೇಳುವ ಮೂಡಣ ಎಲ್ಲೆ, ಪಡುವಣ ಎಲ್ಲೆ ಎಲ್ಲಿಂದ ಎಲ್ಲಿಗೆ ಎಂದು ಗೊತ್ತಾಗುವುದು ಕಲ್ಲು ತನ್ನ ಜಾಗದಲ್ಲಿದ್ದರೆ ಮಾತ್ರ.